ಸೋತ ತಟ್ಟೆಯ ಬೆಲೆ

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಹೇಳಹೊರಟಿರುವುದು ಒಂದು ತಟ್ಟೆಯ ಕಥೆ. ಊಟದ ತಟ್ಟೆಯಲ್ಲ, ಹಾಡಿನ ತಟ್ಟೆ. ನಮ್ಮ ಹಿರಿಯರ ಬಾಯಲ್ಲಿ ಅದು ‘ಪ್ಲೇಟು’. ಏಳು ಇಂಚು ಅಗಲ, ನಿಮಿಷಕ್ಕೆ 45 ಸುತ್ತು, ಮಗ್ಗುಲಿಗೊಂದು ಹಾಡು. ನಮ್ಮಲ್ಲಿ ಇದೇ ಅಳತೆಯ ಇ.ಪಿ. ಪ್ಲೇಟುಗಳಲ್ಲಿ ಸಿನಿಮಾದ ನಾಲ್ಕು ಹಾಡು ತುಂಬಿ ಮಾರುತ್ತಿದ್ದರು. ಅಮೆರಿಕದವರು ಎರಡೇ ಹಾಡು ಹಾಕಿ ಅದಕ್ಕೆ ‘ಸಿಂಗಲ್’ ಎಂದರು.

2020ರಲ್ಲಿ ಇಂಥದೊಂದು ಸಿಂಗಲ್ ಇಂಗ್ಲೆಂಡಿನಲ್ಲಿ 1 ಲಕ್ಷ ಪೌಂಡಿಗೆ ಮಾರಾಟವಾಯಿತು. ಆಗಿನ ದರದಲ್ಲಿ ನಮ್ಮ ದುಡ್ಡಿಗೆ ಹೆಚ್ಚುಕಡಿಮೆ 95 ಲಕ್ಷ ರೂಪಾಯಿ. ಆ ಹಾಡು ಎರಡೂವರೆ ನಿಮಿಷದ್ದು. ಲೆಕ್ಕ ಹಾಕಿದೆ: ಸೆಕೆಂಡಿಗೆ ಅರವತ್ತು ಸಾವಿರಕ್ಕೂ ಮೇಲೆ ಬಿತ್ತು. ಇನ್ನೂ ಒಂದು ಲೆಕ್ಕವಿದೆ. ಇಂಥ ಪ್ಲೇಟಿನ ತೂಕ ಸುಮಾರು 40 ಗ್ರಾಂ. ಆ ವರ್ಷ ಬಂಗಾರ ಗ್ರಾಮಿಗೆ ಐದು ಸಾವಿರದ ಆಸುಪಾಸಿನಲ್ಲಿತ್ತು. ಈ ಪ್ಲಾಸ್ಟಿಕ್ಕು ಗ್ರಾಮಿಗೆ ಎರಡು ಲಕ್ಷ ದಾಟಿತು.

ಹಾಡು ಅಷ್ಟು ಅಪರೂಪವೇ ಅಂದರೆ, ಅದೂ ಅಲ್ಲ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಈಗಲೇ ಬಿಟ್ಟಿಯಾಗಿ ಕೇಳಬಹುದು. 1979ರಲ್ಲೇ ಅದನ್ನು ಮತ್ತೆ ಮುದ್ರಿಸಿ ಇಂಗ್ಲೆಂಡಿನ ಅಂಗಡಿಗಳಲ್ಲಿ ಮಾರಿದ್ದರು. ಹಾಗಾದರೆ ಈ 95 ಲಕ್ಷ ಯಾತಕ್ಕೆ ಕೊಟ್ಟದ್ದು?

ಸೋಲಿಗೆ, ಅಂತ ನನ್ನ ಉತ್ತರ. ಈ ಸಂಗೀತದ ಹೆಸರೇ ‘ಸೋಲ್’. ಅಮೆರಿಕದ ಕರಿಯ ಜನಾಂಗದ ಚರ್ಚಿನ ಹಾಡೂ ಬೀದಿಯ ಹಾಡೂ ಬೆರೆತು ಹುಟ್ಟಿದ ಸಂಗೀತ. ಇಂಗ್ಲಿಷಿನಲ್ಲಿ ಆ ಮಾತಿಗೆ ಆತ್ಮ ಎಂಬ ಅರ್ಥ. ನಮ್ಮ ಕಿವಿಗೆ ಮಾತ್ರ ಅದು ಸೋಲು ಅಂತಲೇ ಬೀಳುತ್ತದೆ. ನಾನು ಹೇಳುತ್ತಿರುವ ಈ ತಟ್ಟೆ ಹೊರಬಿದ್ದ ಉಪಸಂಸ್ಥೆಯ ಹೆಸರೂ ‘ಸೋಲ್’! ತಟ್ಟೆಯ ನಡುವಿನ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಅದನ್ನೇ ಅಚ್ಚು ಹಾಕಿದ್ದಾರೆ. ಕನ್ನಡದವನೊಬ್ಬ ಪಕ್ಕದಲ್ಲಿದ್ದಿದ್ದರೆ, ಬೇಡಪ್ಪಾ, ಬೇರೆ ಹೆಸರಿಡು ಅನ್ನುತ್ತಿದ್ದನೋ ಏನೋ.

ಉಪಸಂಸ್ಥೆ ಅಂದೆ. ಮೂಲ ಸಂಸ್ಥೆ ಮೋಟೌನ್. 1959ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಬೆರ್ರಿ ಗಾರ್ಡಿ ಎಂಬಾತ ಮನೆಯವರ ಉಳಿತಾಯ ನಿಧಿಯಿಂದ 800 ಡಾಲರ್ ಸಾಲ ತೆಗೆದು ಶುರುಮಾಡಿದ್ದು. ಗಾರ್ಡಿ ಅದಕ್ಕೆ ಮುಂಚೆ ಕಾರು ಕಾರ್ಖಾನೆಯಲ್ಲಿ ಕೂಲಿ ಮಾಡಿದವನು. ಒಂದು ಕಡೆಯಿಂದ ಬರೀ ಚೌಕಟ್ಟು ಬರುತ್ತದೆ, ಇನ್ನೊಂದು ಕಡೆಯಿಂದ ಹೊಳೆಯುವ ಕಾರು ಹೊರಡುತ್ತದೆ. ಹಾಡನ್ನೂ ಹಾಗೇ ತಯಾರಿಸಬೇಕು ಎಂಬ ಹಟ ಅವನದು. ವಾರಕ್ಕೊಮ್ಮೆ ಸಭೆ ಕೂರಿಸಿ, ಆ ವಾರದ ಹಾಡುಗಳನ್ನೆಲ್ಲ ಹಾಕಿ ಕೇಳಿ, ಇದು ಹೊರಗೆ ಹೋಗಲಿ, ಇದು ಬೇಡ ಅಂತ ಮತ ಹಾಕಿಸುತ್ತಿದ್ದ. ಸುಪ್ರೀಮ್ಸ್, ಫೋರ್ ಟಾಪ್ಸ್, ಮಾರ್ವಿನ್ ಗೇ ಎಲ್ಲರೂ ಈ ಜರಡಿಯಲ್ಲಿ ಉಳಿದು ಬಂದವರೇ.

ನಮ್ಮ ತಟ್ಟೆಯಲ್ಲಿ ಹಾಡಿರುವ ಫ್ರ್ಯಾಂಕ್ ವಿಲ್ಸನ್ ಈ ಸಂಸ್ಥೆಯ ಲಾಸ್ ಏಂಜಲೀಸ್ ಕಚೇರಿಯಲ್ಲಿ ಹಾಡು ಬರೆಯುತ್ತ, ಧ್ವನಿಮುದ್ರಣ ಮಾಡಿಸುತ್ತ ಇದ್ದ. 1965ರಲ್ಲಿ ಸ್ವತಃ ಒಂದು ಹಾಡು ಹಾಡಿದ: ‘ಡೂ ಐ ಲವ್ ಯೂ, ಇಂಡೀಡ್ ಐ ಡೂ’. ನಾನು ನಿನ್ನನ್ನು ಪ್ರೀತಿಸುತ್ತೇನಾ, ಹೌದು ಮತ್ತೆ, ಅಂತ ತಾನೇ ಕೇಳಿಕೊಂಡು ತಾನೇ ಉತ್ತರ ಕೊಟ್ಟುಕೊಳ್ಳುವ ಹಾಡು. ತಾಳ ಮೊದಲ ಕ್ಷಣದಿಂದಲೇ ಓಡುತ್ತದೆ. ನಡುವೆ ಉಸಿರು ತೆಗೆದುಕೊಳ್ಳಲೂ ಬಿಡುವುದಿಲ್ಲ.

ಸುಮಾರು 250 ಮಾದರಿ ಪ್ರತಿಗಳು ಅಚ್ಚಾದವು ಎಂಬುದು ಈ ವಹಿವಾಟಿನವರು ಒಪ್ಪಿಕೊಂಡು ಬಂದಿರುವ ಲೆಕ್ಕ. ‘ಡೆಮೊ’ ಎನ್ನುತ್ತಾರೆ. ಅಂಗಡಿಗೆ ಹೋಗುವ ಮಾಲಲ್ಲ, ರೇಡಿಯೊ ನಿಲಯಗಳಿಗೆ ಮೊದಲೇ ಕಳಿಸುವ ಪ್ರತಿ. ಆಗ ಗಾರ್ಡಿಯಿಂದ ಪ್ರಶ್ನೆ ಬಂತು: ನೀನು ಹಾಡುಗಾರನಾಗಬೇಕೋ, ಹಾಡಿಸುವವನಾಗಬೇಕೋ? ವಿಲ್ಸನ್ ಹಾಡಿಸುವವನಾಗುತ್ತೇನೆ ಅಂದ. ಅಲ್ಲಿಗೆ ತಟ್ಟೆಯ ಕಥೆ ಮುಗಿಯಿತು. ಅಚ್ಚಾದ ಪ್ರತಿಗಳನ್ನು ನಾಶ ಮಾಡಿದರು.

ವಿಲ್ಸನ್ ಏನೂ ಕೆಡಲಿಲ್ಲ ಅನ್ನಿ. ಡಯಾನಾ ರಾಸ್ ಬಿಟ್ಟುಹೋದ ಮೇಲಿನ ಸುಪ್ರೀಮ್ಸ್ ತಂಡಕ್ಕೆ, ಫೋರ್ ಟಾಪ್ಸ್‌ಗೆ, ಎಡ್ಡಿ ಕೆಂಡ್ರಿಕ್ಸ್‌ಗೆ ಹಾಡು ಮಾಡಿಸಿದ. 1973ರಲ್ಲಿ ಕೆಂಡ್ರಿಕ್ಸ್ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಹಿಂದೆ ಇದ್ದದ್ದು ಇವನೇ. ಆಮೇಲೆ ಆ ಲೋಕವನ್ನೇ ಬಿಟ್ಟು ಧರ್ಮಬೋಧಕನಾದ.

ಈಗ ಅಟ್ಲಾಂಟಿಕ್ ದಾಟೋಣ. ಉತ್ತರ ಇಂಗ್ಲೆಂಡು. ಗಿರಣಿ, ಗಣಿ, ಕಾರ್ಖಾನೆಗಳ ಸೀಮೆ. ಅಲ್ಲಿನ ಹುಡುಗರಿಗೆ 1960ರ ದಶಕದ ನಡುಭಾಗದ ಡೆಟ್ರಾಯಿಟ್ ತಾಳದ ಹುಚ್ಚು ಹಿಡಿಯಿತು. ಹುಡುಗಿಯರಿಗೂ. ಕರಿಯರ ಸಂಗೀತ ಮುಂದೆ ಸಾಗಿ, ನಿಧಾನವಾಗಿ, ಫಂಕ್ ಆಗಿ ಬದಲಾಗುತ್ತಿದ್ದರೂ ಇವರಿಗೆ ಮಾತ್ರ ಆ ಹಳೆಯ ಓಟದ ತಾಳವೇ ಬೇಕು. ಲಂಡನ್ನಿನಲ್ಲಿ ಡೇವ್ ಗಾಡಿನ್ ಎಂಬ ಪತ್ರಕರ್ತನ ರೆಕಾರ್ಡ್ ಅಂಗಡಿ ಇತ್ತು. ಫುಟ್‌ಬಾಲ್ ಪಂದ್ಯ ನೋಡಲು ಬಂದ ಉತ್ತರದ ಹುಡುಗರು ಅಲ್ಲಿಗೂ ನುಗ್ಗಿ ಹಳೆಯ ಮಾಲನ್ನೇ ಕೇಳುತ್ತಿದ್ದರು. ಉತ್ತರದವರು ಬಂದರೆ ಇಂಥವನ್ನು ತೋರಿಸಿ ಅಂತ ಗಾಡಿನ್ ತನ್ನ ಕೆಲಸದವರಿಗೆ ಹೇಳಲು ಬಳಸಿದ ಗುರುತಿನ ಮಾತೇ ‘ನಾರ್ದರ್ನ್ ಸೋಲ್’. 1970ರಲ್ಲಿ ಅದನ್ನು ತನ್ನ ಅಂಕಣದಲ್ಲಿ ಬರೆದ. ಆ ಹೆಸರೇ ನಿಂತಿತು.

ಅದರ ದೊಡ್ಡ ಗುಡಿ ಅಂದರೆ ವಿಗನ್ ಊರಿನ ಕ್ಯಾಸಿನೊ. ಜೂಜುಕಟ್ಟೆ ಅಂದುಕೊಳ್ಳಬೇಡಿ, ಹಳೆಯ ನೃತ್ಯಶಾಲೆ. 1973ರ ಸೆಪ್ಟೆಂಬರಿನಿಂದ ಅಲ್ಲಿ ಶನಿವಾರ ನಡುರಾತ್ರಿ ಕಳೆದ ಮೇಲೆ ಶುರುವಾದ ಕುಣಿತ ಭಾನುವಾರ ಬೆಳಿಗ್ಗೆ ಎಂಟರವರೆಗೆ. ನಮ್ಮ ಬಯಲಾಟದ ಹಾಗೆ, ಬೆಳಕು ಹರಿಯುವವರೆಗೂ. ಮರದ ನೆಲದ ಮೇಲೆ ಟಾಲ್ಕಂ ಪೌಡರ್ ಉದುರಿಸಿಕೊಳ್ಳುತ್ತಿದ್ದರು, ಕಾಲು ಜಾರಲಿ ಅಂತ. ಅಗಲ ಪಾಯಿಂಚಿನ ಪ್ಯಾಂಟು, ಗಿರಗಿರ ಸುತ್ತು, ನೆಲಕ್ಕೆ ಬಿದ್ದು ಎದ್ದು ಮತ್ತೆ ಸುತ್ತು. ಜೋಡಿ ಬೇಕಿಲ್ಲ, ಒಬ್ಬೊಬ್ಬರೇ ಕುಣಿಯುತ್ತಿದ್ದರು.

ಇಲ್ಲಿ ಒಂದು ವಿಚಿತ್ರ ನಿಯಮ ಬೆಳೆಯಿತು. ಎಲ್ಲರಿಗೂ ಗೊತ್ತಿರುವ ಹಾಡಿಗೆ ಬೆಲೆಯಿಲ್ಲ! ಬೇರೆ ಯಾರ ಹತ್ತಿರವೂ ಇರದ ಹಾಡು ಹಾಕುವ ಡಿ.ಜೆ.ಯೇ ರಾಜ. ಹಾಗಾಗಿ ಗೆದ್ದ ಹಾಡು ಬೇಡ, ಸೋತದ್ದು ಬೇಕು. ಡೆಟ್ರಾಯಿಟ್, ಷಿಕಾಗೊ, ಫಿಲಡೆಲ್ಫಿಯಾಗಳಲ್ಲಿ ಮೋಟೌನಿನ ಹೊಳಪು ಕಂಡು ನೂರಾರು ಪುಡಿ ಸಂಸ್ಥೆಗಳು ಹುಟ್ಟಿದ್ದವು. ಕೆಲವು ನೂರು ಪ್ರತಿ ಅಚ್ಚು ಹಾಕಿಸಿ, ಊರ ರೇಡಿಯೊದಲ್ಲಿ ಒಂದೆರಡು ಸಲ ಹಾಡು ಬಂದು, ಹಂಚುವವರಿಲ್ಲದೆ ಮುಚ್ಚಿಹೋದವು. ಮಾಲು ಗೋದಾಮಿನಲ್ಲಿ ದೂಳು ತಿನ್ನುತ್ತಿತ್ತು. ಇಂಗ್ಲೆಂಡಿನ ಡಿ.ಜೆ.ಗಳು ವಿಮಾನ ಹತ್ತಿ ಅಲ್ಲಿಗೇ ಹೋದರು. ಬ್ಲ್ಯಾಕ್‌ಪೂಲಿನ ಡಿ.ಜೆ. ಇಯಾನ್ ಲೆವೀನ್ ಮಯಾಮಿಯಿಂದ ಸಾವಿರಗಟ್ಟಲೆ ತಂದ. ರಿಚರ್ಡ್ ಸರ್ಲಿಂಗ್ 1973ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಿಸಿ ತಂದ ಹಳೆಯ ತಟ್ಟೆಗಳಲ್ಲಿ ಗ್ಲೋರಿಯಾ ಜೋನ್ಸ್ ಹಾಡಿದ ‘ಟೇಂಟೆಡ್ ಲವ್’ ಇತ್ತು. 1965ರಲ್ಲಿ ಹಿಂಬದಿಗೆ ಹಾಕಿ ಮರೆತ ಹಾಡು. ಇಲ್ಲಿ ಕುಣಿಸಿತು. 1981ರಲ್ಲಿ ಸಾಫ್ಟ್ ಸೆಲ್ ಎಂಬ ಜೋಡಿ ಅದನ್ನೇ ಹಾಡಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ತಂದದ್ದನ್ನು ಕಾಪಾಡಿಕೊಳ್ಳುವುದು ಇನ್ನೊಂದು ಆಟ. ನಡುವಿನ ಚೀಟಿಯ ಮೇಲೆ ಬಿಳಿ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುತ್ತಿದ್ದರು. ‘ಕವರ್-ಅಪ್’ ಅಂತ ಹೆಸರು. ಎದುರಾಳಿ ಡಿ.ಜೆ. ಕತ್ತು ಚಾಚಿ ಓದಿಕೊಂಡರೂ ದಾರಿ ತಪ್ಪಬೇಕು. ಊರ ಬಾವಿಗೆ ಬೀಗ ಹಾಕಿದ ಹಾಗೆ ಅಂತ ನನಗೆ ಮೊದಲು ಕೋಪ ಬಂದಿತ್ತು. ಆಮೇಲೆ, ನಮ್ಮ ಅಡುಗೆ ಭಟ್ಟರು ಸಾರಿನ ಪುಡಿಯ ಗುಟ್ಟು ಬಿಟ್ಟುಕೊಡುತ್ತಾರೆಯೇ ಅನ್ನಿಸಿ ಸುಮ್ಮನಾದೆ.

ಫ್ರ್ಯಾಂಕ್ ವಿಲ್ಸನನ ತಟ್ಟೆ ಬಂದದ್ದೂ ಹೀಗೆಯೇ. 1970ರ ದಶಕದ ಕೊನೆಗೆ ಮೋಟೌನಿನ ಸಂಗ್ರಹದಿಂದ ಒಂದು ಪ್ರತಿ ಹೊರಬಿತ್ತು. ವಿಗನ್ನಿನಲ್ಲಿ ಅದನ್ನು ‘ಎಡ್ಡಿ ಫಾಸ್ಟರ್’ ಎಂಬ ಹೆಸರಿನಲ್ಲಿ ಹಾಕಿದರು. ಅದೇ ಸುಳ್ಳು ಹೆಸರಿನಲ್ಲಿ ಕಳ್ಳ ಮುದ್ರಣವೂ ಬಂತು. ಸಾವಿರಾರು ಜನ ಎಡ್ಡಿ ಫಾಸ್ಟರನ ಹಾಡಿಗೆ ಬೆವರು ಸುರಿಸಿ ಕುಣಿಯುತ್ತಿದ್ದರೆ, ನಿಜವಾಗಿ ಹಾಡಿದವನು ಅಮೆರಿಕದಲ್ಲಿ ತನ್ನ ಪಾಡಿಗೆ ತಾನಿದ್ದ. 1990ರಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. 1996ರಲ್ಲಿ ಸ್ಕಾಟ್ಲೆಂಡಿನ ಸಂಗ್ರಾಹಕರೊಬ್ಬರು ಅದಕ್ಕೆ 15 ಸಾವಿರ ಪೌಂಡ್ ಕೊಟ್ಟರು. 2009ರಲ್ಲಿ ಅದು ಹರಾಜಿಗೆ ಬಂತು. ನಡೆಸಿದವರು ಜಾನ್ ಮ್ಯಾನ್‌ಷಿಪ್, ಸೋಲ್ ತಟ್ಟೆಗಳ ಬೆಲೆಪಟ್ಟಿಯನ್ನೇ ಪುಸ್ತಕ ಮಾಡಿದ ವ್ಯಾಪಾರಿ. ಕೂಗು ನಿಂತದ್ದು 25,742 ಪೌಂಡಿಗೆ. ಕೊನೆಯ 42 ನೋಡಿ. ಸಮ ಅಂಕಿಗೆ ನಿಂತರೆ ಇನ್ನೊಬ್ಬನೂ ಅಲ್ಲಿಗೇ ಬಂದು ನಿಂತಾನು ಅಂತ ಚಿಲ್ಲರೆ ಸೇರಿಸಿ ಕೂಗುವುದು ಹರಾಜಿನವರ ಹಳೆಯ ಅಭ್ಯಾಸ. ಹನ್ನೊಂದು ವರ್ಷಕ್ಕೆ ಬೆಲೆ ಸುಮಾರು ನಾಲ್ಕು ಪಟ್ಟಾಗಿ ಲಕ್ಷ ಮುಟ್ಟಿತು.

ಇನ್ನೊಂದು ಉದಾಹರಣೆ ಕೊಟ್ಟರೆ ಬೆಲೆ ಯಾವುದಕ್ಕೆ ಎಂಬುದು ಇನ್ನೂ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಡ್ಯಾರೆಲ್ ಬ್ಯಾಂಕ್ಸ್ 1966ರಲ್ಲಿ ಹಾಡಿದ ‘ಓಪನ್ ದ ಡೋರ್ ಟು ಯುವರ್ ಹಾರ್ಟ್’. ಇದು ಸೋತ ಹಾಡೇ ಅಲ್ಲ, ಅಮೆರಿಕದಲ್ಲಿ ಚೆನ್ನಾಗಿ ಓಡಿತ್ತು. ಅಲ್ಲಿನ ಮುದ್ರಣ ಈಗಲೂ ಅಗ್ಗಕ್ಕೆ ಸಿಗುತ್ತದೆ. ಬ್ರಿಟನ್ನಿನಲ್ಲಿ ಅದನ್ನು ಲಂಡನ್ ಎಂಬ ಸಂಸ್ಥೆ ತರಬೇಕೆಂದಿತ್ತು. ಹಕ್ಕಿನ ತಗಾದೆಯಾಗಿ, ಕೊನೆಗೆ ಸ್ಟೇಟ್‌ಸೈಡ್ ಎಂಬ ಬೇರೆ ಹೆಸರಿನಲ್ಲಿ ಬಂತು. ಲಂಡನ್ ಚೀಟಿಯ ಡೆಮೊಗಳಷ್ಟೇ ಉಳಿದಿವೆ, ಅಂಗಡಿಯ ಪ್ರತಿ ಒಂದೂ ಇಲ್ಲ ಎಂದೇ ಸಂಗ್ರಾಹಕರು ನಂಬಿದ್ದರು. ಅಂಥದೊಂದು ಎದ್ದುಬಂದು, 2014ರಲ್ಲಿ ಇದೇ ಮ್ಯಾನ್‌ಷಿಪ್ ಹರಾಜಿನಲ್ಲಿ 14,543 ಪೌಂಡಿಗೆ ಹೋಯಿತು. ಅದೇ ಕೊರಳು, ಅದೇ ವಾದ್ಯ. ಬೇರೆಯಾದದ್ದು ನಡುವೆ ಅಂಟಿಸಿದ ಚೀಟಿ ಮಾತ್ರ.

ಅಷ್ಟು ದುಡ್ಡು ಸುರಿಯುವವನು ತಟ್ಟೆಯನ್ನು ಹೇಗೆ ನೋಡುತ್ತಾನೆ ಗೊತ್ತೇ? ಮೊದಲು ಮುಳ್ಳು ಇಡುವುದಿಲ್ಲ. ಅಂಚು ಹಿಡಿದು ದೀಪದ ಕೆಳಗೆ ಓರೆಯಾಗಿ ತಿರುಗಿಸುತ್ತಾನೆ. ಕೂದಲೆಳೆಯ ಗೀರೂ ಆ ಬೆಳಕಿನಲ್ಲಿ ಮಿಂಚುತ್ತದೆ. ಆಮೇಲೆ ಹಾಡು ಮುಗಿದ ಜಾಗ. ಕೊನೆಯ ಗೆರೆಗೂ ಚೀಟಿಗೂ ನಡುವೆ ನುಣ್ಣನೆಯ ಕಪ್ಪು ಪಟ್ಟಿ ಇರುತ್ತದಲ್ಲ, ಮುಳ್ಳು ಕಿರ್ ಕಿರ್ ಅನ್ನುತ್ತ ಸುತ್ತುವ ಜಾಗ, ಅಲ್ಲಿ ಭೂತಗನ್ನಡಿ ಇಟ್ಟು ನೋಡುತ್ತಾನೆ. ಅಚ್ಚಿನ ಸಂಖ್ಯೆಯನ್ನು ಅಲ್ಲಿ ಕೆತ್ತಿರುತ್ತಾರೆ. ಕೆಲವು ಕಾರ್ಖಾನೆಗಳದು ಯಂತ್ರದ ಒತ್ತು, ಕೆಲವರದು ಕೈಬರಹ. ನಕಲಿ ಮಾಡುವವನು ಚೀಟಿಯನ್ನು ತದ್ವತ್ ಅಚ್ಚು ಹಾಕಿಸಬಲ್ಲ. ಈ ನಾಲ್ಕು ಅಂಕಿಯ ಬರವಣಿಗೆಯಲ್ಲಿ ಸಿಕ್ಕಿಬೀಳುತ್ತಾನೆ. ಹಾಡೇ ಇರದ ಆ ಅರ್ಧ ಇಂಚಿನಲ್ಲಿ ಲಕ್ಷಗಳ ತೀರ್ಮಾನವಾಗುತ್ತದೆ.

ನನ್ನ ತಕರಾರು ಒಂದೇ. ಈ ದುಡ್ಡಿನಲ್ಲಿ ಹಾಡಿದವನ ಪಾಲು ಎಷ್ಟು? ಸೊನ್ನೆ. ಚಿತ್ರಕಲಾವಿದನಿಗಾದರೆ ಬ್ರಿಟನ್ನಿನಲ್ಲಿ 2006ರಿಂದ ಒಂದು ಕಾನೂನು ಇದೆ. ವ್ಯಾಪಾರಿಗಳ, ಹರಾಜಿನವರ ಮೂಲಕ ಅವನ ಚಿತ್ರ ಮತ್ತೆ ಮಾರಾಟವಾದಾಗ ಅವನಿಗೂ ಒಂದಿಷ್ಟು ಸಲ್ಲಬೇಕು. ತಟ್ಟೆಗೆ ಅದು ಅನ್ವಯಿಸುವುದಿಲ್ಲ, ಅದು ಅಚ್ಚಿನ ಮಾಲು. ಡ್ಯಾರೆಲ್ ಬ್ಯಾಂಕ್ಸ್ 1970ರಲ್ಲೇ ಡೆಟ್ರಾಯಿಟ್‌ನಲ್ಲಿ ಗುಂಡೇಟಿಗೆ ಸತ್ತುಹೋಗಿದ್ದ. ಫ್ರ್ಯಾಂಕ್ ವಿಲ್ಸನ್ ತೀರಿಕೊಂಡದ್ದು 2012ರಲ್ಲಿ. ತನ್ನ ತಟ್ಟೆ 25 ಸಾವಿರ ದಾಟಿದ್ದನ್ನು ನೋಡುವಷ್ಟು ಕಾಲ ಬದುಕಿದ್ದ. ಹಾಗಂತ ಸಂಗ್ರಾಹಕರನ್ನು ಬೈಯಲೂ ನನಗೆ ಮನಸ್ಸಿಲ್ಲ. ಅವರು ಹುಡುಕಿ ತೆಗೆಯದಿದ್ದರೆ, ಆ ಹುಡುಗರು ಕುಣಿಯದಿದ್ದರೆ, ವಿಲ್ಸನನ ಕೊರಳು ನಾಶವಾದ ಆ ಪ್ರತಿಗಳ ಜೊತೆಯೇ ಹೋಗಿಬಿಡುತ್ತಿತ್ತು.

ವಿಗನ್ ಕ್ಯಾಸಿನೊ 1981ರ ಡಿಸೆಂಬರ್ 6ರಂದು ಮುಚ್ಚಿತು. ಪ್ರತಿ ವಾರ ಅಲ್ಲಿ ಕೊನೆಗೆ ಮೂರು ಹಾಡು ಖಾಯಂ. ಅವು ಬಂದರೆ ಮಂಗಳಾರತಿಯಾದ ಹಾಗೆ, ಎಲ್ಲರೂ ಕೋಟು ಹುಡುಕಿಕೊಳ್ಳುತ್ತಿದ್ದರು. ಆ ಕೊನೆಯ ಬೆಳಿಗ್ಗೆ ಮೂರೂ ಹಾಡು ಮುಗಿದವು. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಡಿ.ಜೆ. ರಸ್ ವಿನ್‌ಸ್ಟಾನ್ಲಿ ಮತ್ತೊಮ್ಮೆ ಆ ಮೂರನ್ನು ಹಾಕಿದ. ಮಗದೊಮ್ಮೆಯೂ ಹಾಕಿದ. ಜನ ಅಳುತ್ತ ನಿಂತೇ ಇದ್ದರು. ಕೊನೆಗೆ ಪೆಟ್ಟಿಗೆಗೆ ಕೈ ಹಾಕಿ ಸಿಕ್ಕಿದ ಒಂದು ತಟ್ಟೆಯನ್ನು ಎಳೆದು ಮುಳ್ಳು ಇಟ್ಟ. ಫ್ರ್ಯಾಂಕ್ ವಿಲ್ಸನ್ ಹಾಡತೊಡಗಿದ. ಪೌಡರ್ ಮೆತ್ತಿದ ಆ ನೆಲದ ಮೇಲೆ ಇನ್ನೂ ಎರಡೂವರೆ ನಿಮಿಷ ಕುಣಿದು, ಜನ ಹೊರಗೆ ಹೋದರು.

ನಮಸ್ಕಾರ.