‘ಪ್ರೋಗ್ರಾಂ ಹ್ಯಾಂಗ್ ಆಗ್ತಿದೆ, ಹೆಲ್ಪ್ ಮಾಡಿ’

ಕೇಳುಗರಿಗೆ ನಮಸ್ಕಾರ.

‘ನನ್ನ ಪ್ರೋಗ್ರಾಂ ಹ್ಯಾಂಗ್ ಆಗ್ತಿದೆ, ಅರ್ಜೆಂಟಾಗಿ ಹೆಲ್ಪ್ ಮಾಡಿ.’ ಡೆಸ್ಕ್‌ಟಾಪ್ ಅಪ್ಲಿಕೇಷನ್ ಬರೆಯುವವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗಳಲ್ಲಿ ಇದು ತೀರಾ ಸಾಮಾನ್ಯ. ಉತ್ತರ ಕೊಡಲು ತೀರಾ ಕಷ್ಟವಾದದ್ದೂ ಇದೇ. ಯಾವ ಭಾಷೆ, ಯಾವ ವರ್ಷನ್, ಯಾವ ಬಟನ್ ಒತ್ತಿದಾಗ, ಎಷ್ಟು ಹೊತ್ತು, ಒಂದೂ ತಿಳಿಯುವುದಿಲ್ಲ. ಉತ್ತರ ಬರಲಿಲ್ಲವೆಂದು ಕೇಳಿದವರಿಗೆ ಬೇಸರ. ಊಹೆಯ ಮೇಲೆ ಊಹೆ ಮಾಡಿ ನೆರವಿಗೆ ಬಂದವರಿಗೂ ಸಾಕುಸಾಕು. ಈ ಹೊತ್ತಿನ ಮಾತು ಇಬ್ಬರಿಗೂ ಸೇರಿದ್ದು.

ಅದೇ ಪ್ರಶ್ನೆಯನ್ನು ಹೀಗೆ ಕೇಳಬಹುದು: ‘ಸಿ ಶಾರ್ಪ್, ವಿಂಡೋಸ್ ಫಾರ್ಮ್ಸ್, ಡಾಟ್‌ನೆಟ್ 8. ಫಾರ್ಮಿನಲ್ಲಿ ಒಂದು ಬಟನ್, ಒಂದು ಡೇಟಾಗ್ರಿಡ್‌ವ್ಯೂ. ಬಟನ್ ಒತ್ತಿದರೆ 2 ಲಕ್ಷ ಸಾಲಿನ ಸಿಎಸ್‌ವಿ ಫೈಲ್ ಓದಿ, ಒಂದೊಂದೇ ಸಾಲನ್ನು ಗ್ರಿಡ್‌ಗೆ ಸೇರಿಸುತ್ತೇನೆ. ಸ್ವಲ್ಪ ಹೊತ್ತಿಗೆ ಟೈಟಲ್ ಬಾರ್‌ನಲ್ಲಿ ನಾಟ್ ರೆಸ್ಪಾಂಡಿಂಗ್ ಎಂದು ಬರುತ್ತದೆ. ಒಂದೂವರೆ ನಿಮಿಷ ಕಾದರೆ ತಾನಾಗಿಯೇ ಸರಿಹೋಗಿ ಎಲ್ಲ ಸಾಲುಗಳೂ ಕಾಣುತ್ತವೆ. ಸಾವಿರ ಸಾಲಿನ ಫೈಲ್ ಆದರೆ ತೊಂದರೆಯಿಲ್ಲ.’

ಡಾಟ್‌ನೆಟ್, ವಿಂಡೋಸ್ ಫಾರ್ಮ್ಸ್ ಎಂದರೆ ವಿಂಡೋಸ್ ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್ ಕೊಡುವ ಸಲಕರಣೆಗಳು. ಡೇಟಾಗ್ರಿಡ್‌ವ್ಯೂ ಎಂದರೆ ಸಾಲು, ಕಾಲಂಗಳಲ್ಲಿ ಮಾಹಿತಿ ತೋರಿಸುವ ಕೋಷ್ಟಕ, ಸಿಎಸ್‌ವಿ ಎಂದರೆ ಅಲ್ಪವಿರಾಮದಿಂದ ಮಾಹಿತಿ ಬೇರ್ಪಡಿಸಿದ ಪಠ್ಯ ಫೈಲ್. ಈ ಪ್ರಶ್ನೆಯಲ್ಲಿ ಕೊನೆಯ ಎರಡು ವಾಕ್ಯಗಳೇ ಅರ್ಧ ಉತ್ತರ. ತಾನಾಗಿ ಸರಿಹೋಗುತ್ತದೆ ಎಂದಮೇಲೆ ಇದು ಎರಡು ಥ್ರೆಡ್‌ಗಳು, ಅಂದರೆ ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು, ಒಂದನ್ನೊಂದು ಕಾಯುತ್ತಾ ಕೂತ ಡೆಡ್‌ಲಾಕ್ ಅಲ್ಲ, ಕೊನೆಯಿಲ್ಲದ ಲೂಪ್ ಕೂಡ ಅಲ್ಲ. ಫೈಲ್ ಚಿಕ್ಕದಾದರೆ ಸರಿ, ದೊಡ್ಡದಾದರೆ ತೊಂದರೆ ಎಂದಮೇಲೆ ಕೆಲಸದ ಪ್ರಮಾಣವೇ ಕಾರಣ. ಬಲ್ಲವರಿಗೆ ಅಷ್ಟು ಸಾಕು.

ಒಳಗೆ ಏನಾಗುತ್ತಿದೆ ನೋಡೋಣ. ವಿಂಡೋವನ್ನು ಬಿಡಿಸುವುದು, ಮೌಸ್ ಕ್ಲಿಕ್ಕಿಗೆ ಸ್ಪಂದಿಸುವುದು, ಕೀಲಿಮಣೆಯ ಅಕ್ಷರ ತೆಗೆದುಕೊಳ್ಳುವುದು, ಎಲ್ಲವನ್ನೂ ಒಂದೇ ಥ್ರೆಡ್ ಮಾಡುತ್ತದೆ. ಅದನ್ನು ಯುಐ ಥ್ರೆಡ್ ಎನ್ನುತ್ತೇವೆ. ಸರದಿಯಲ್ಲಿ ಬಂದು ನಿಂತ ಮೆಸೇಜ್‌ಗಳನ್ನು, ಅಂದರೆ ಕ್ಲಿಕ್ಕಾಯಿತು, ಕೀಲಿ ಒತ್ತಿದರು ಎಂಬಂಥ ಸೂಚನೆಗಳನ್ನು, ಅದು ಒಂದೊಂದಾಗಿ ತೆಗೆದು ವಿಲೇವಾರಿ ಮಾಡುತ್ತಿರುತ್ತದೆ. ನಿಮ್ಮ ಬಟನ್ ಕ್ಲಿಕ್ಕಿನ ಕೋಡ್ ಕೂಡ ಅದೇ ಥ್ರೆಡ್‌ನಲ್ಲಿ ಓಡುತ್ತದೆ. ಆ ಕೋಡ್ ಮುಗಿಯುವ ತನಕ ಮುಂದಿನ ಮೆಸೇಜ್ ಹೊರಬರುವಂತಿಲ್ಲ. 5 ಸೆಕೆಂಡ್ ಕಾಲ ಯಾವ ಮೆಸೇಜನ್ನೂ ತೆಗೆಯದಿದ್ದರೆ ವಿಂಡೋಸ್ ಆ ವಿಂಡೋವನ್ನು ಹ್ಯಾಂಗ್ ಆಗಿದೆ ಎಂದು ಎಣಿಸಿ, ಟೈಟಲ್‌ನಲ್ಲಿ ಆ ಮಾತನ್ನು ಸೇರಿಸುತ್ತದೆ. ಪ್ರೋಗ್ರಾಂ ಸತ್ತಿಲ್ಲ, ತಲೆಯೆತ್ತಲು ಬಿಡುವಿಲ್ಲದೆ ದುಡಿಯುತ್ತಿದೆ.

ಇಲ್ಲಿಗೆ ಉತ್ತರಗಳು ಬರತೊಡಗುತ್ತವೆ. ಸಾಮಾನ್ಯವಾಗಿ ಮೊದಲು ಬರುವ ಉತ್ತರ, ‘ಲೂಪ್ ಒಳಗೆ ಅಪ್ಲಿಕೇಷನ್ ಡಾಟ್ ಡೂಇವೆಂಟ್ಸ್ ಹಾಕಿ’. ಬಾಕಿಯಿರುವ ಮೆಸೇಜ್‌ಗಳನ್ನು ಈಗಲೇ ವಿಲೇವಾರಿ ಮಾಡು ಎನ್ನುವ ಆಜ್ಞೆ ಅದು. ಹಾಕಿದರೆ ವಿಂಡೋ ಅಲುಗಾಡುತ್ತದೆ, ನಿಜ. ಕೇಳಿದವರಿಗೆ ಖುಷಿಯೂ ಆಗುತ್ತದೆ. ಆದರೆ ಬಾಕಿಯಿದ್ದ ಮೆಸೇಜ್‌ಗಳೆಲ್ಲ ಲೂಪ್‌ನ ನಡುವೆಯೇ ನುಗ್ಗುತ್ತವೆ. ಬಳಕೆದಾರರು ಅದೇ ಬಟನ್ನನ್ನು ಇನ್ನೊಮ್ಮೆ ಒತ್ತಿದರೆ ಮೊದಲ ಓದು ಮುಗಿಯುವ ಮುಂಚೆಯೇ ಎರಡನೆಯ ಓದು ಶುರುವಾಗಿ, ಗ್ರಿಡ್‌ನಲ್ಲಿ ಒಂದೇ ಸಾಲು ಎರಡೆರಡು ಸಲ ಕಾಣಿಸಿಕೊಳ್ಳುತ್ತದೆ. ನಡುವೆ ವಿಂಡೋ ಮುಚ್ಚಿದರೆ ಇಲ್ಲದ ಗ್ರಿಡ್‌ಗೆ ಸಾಲು ಸೇರಿಸಲು ಹೋಗಿ ಕ್ರ್ಯಾಶ್. ಇದು ಮದ್ದಲ್ಲ, ರೋಗಲಕ್ಷಣವನ್ನು ಮುಚ್ಚಿಡುವುದು ಅಷ್ಟೇ.

ಎರಡನೆಯ ಉತ್ತರ, ‘ಬೇರೆ ಥ್ರೆಡ್‌ನಲ್ಲಿ ಓಡಿಸಿ’. ದಾರಿ ಸರಿ, ಆದರೆ ಅರ್ಧಕ್ಕೇ ನಿಂತ ಉತ್ತರ. ಬೇರೆ ಥ್ರೆಡ್‌ನಿಂದ ಗ್ರಿಡ್ ಮುಟ್ಟಿದ ಕೂಡಲೇ ‘ಕ್ರಾಸ್ ಥ್ರೆಡ್ ಆಪರೇಷನ್ ನಾಟ್ ವ್ಯಾಲಿಡ್’ ಎಂಬ ಎಕ್ಸೆಪ್ಷನ್, ಅಂದರೆ ಓಡುವಾಗ ಏಳುವ ಎರರ್, ಬರುತ್ತದೆ. ಆಗ ಯಾರೋ ಬಂದು, ಚೆಕ್ ಫಾರ್ ಇಲ್ಲೀಗಲ್ ಕ್ರಾಸ್ ಥ್ರೆಡ್ ಕಾಲ್ಸ್ ಎಂಬ ಪ್ರಾಪರ್ಟಿಯನ್ನು ಫಾಲ್ಸ್ ಮಾಡಿ ಎನ್ನುತ್ತಾರೆ. ದಯವಿಟ್ಟು ಈ ಸಲಹೆ ಕೊಡಬೇಡಿ, ಕೊಟ್ಟರೂ ತೆಗೆದುಕೊಳ್ಳಬೇಡಿ. ಆ ತಪಾಸಣೆ ಮೊದಲೇ ಡಿಬಗರ್, ಅಂದರೆ ತಪ್ಪು ಹುಡುಕುವ ಸಾಧನ, ಜೊತೆಗಿದ್ದಾಗ ಮಾತ್ರ ತಾನಾಗಿ ಚಾಲೂ ಇರುತ್ತದೆ. ಅದನ್ನೂ ಆರಿಸಿಬಿಟ್ಟರೆ ತಪ್ಪು ಹಾಗೇ ಉಳಿದು ಎಚ್ಚರಿಕೆ ಮಾತ್ರ ಹೋಗುತ್ತದೆ. ಆಮೇಲೆ ಎಂದೋ ಒಂದು ದಿನ, ಯಾರದೋ ಕಂಪ್ಯೂಟರಿನಲ್ಲಿ, ಅರ್ಧ ಬಿಡಿಸಿದ ಗ್ರಿಡ್ ಕಾಣುತ್ತದೆ. ಅದರ ಜಾಡು ಹಿಡಿಯುವುದು ಬಹಳ ಕಷ್ಟ.

ಪೂರ್ತಿ ಉತ್ತರ ಹೀಗಿರುತ್ತದೆ. ಫೈಲ್ ಓದಿ ಪಟ್ಟಿ ಮಾಡುವ ಕೆಲಸವನ್ನಷ್ಟೇ ಟಾಸ್ಕ್ ಡಾಟ್ ರನ್ ಒಳಗೆ ಇಡಿ, ಅದಕ್ಕೆ ಅವೇಟ್ ಮಾಡಿ. ಮೊದಲನೆಯದು ಕೆಲಸವನ್ನು ಬೇರೆ ಥ್ರೆಡ್‌ಗೆ ಒಪ್ಪಿಸುತ್ತದೆ, ಎರಡನೆಯದು ಯುಐ ಥ್ರೆಡ್ಡನ್ನು ತಡೆಯದೆ ಅದು ಮುಗಿಯುವುದನ್ನು ಕಾಯುತ್ತದೆ. ಯುಐ ಥ್ರೆಡ್‌ನಲ್ಲಿ ಶುರುವಾದ ಅವೇಟ್ ಮುಗಿದಮೇಲೆ ಮುಂದಿನ ಸಾಲು ಮತ್ತೆ ಯುಐ ಥ್ರೆಡ್‌ನಲ್ಲೇ ಓಡುವುದರಿಂದ ಗ್ರಿಡ್ ತುಂಬುವುದನ್ನು ಅಲ್ಲಿ ನಿರಾತಂಕವಾಗಿ ಮಾಡಬಹುದು. ಅವೇಟ್‌ಗೆ ಮುಂಚೆ ಬಟನ್ನನ್ನು ಡಿಸೇಬಲ್ ಮಾಡಿ, ಫೈನಲಿ ಬ್ಲಾಕ್‌ನಲ್ಲಿ ಮತ್ತೆ ಎನೇಬಲ್ ಮಾಡಿ. ಫೈಲ್ ಓದುವಾಗ ಎರರ್ ಬಂದರೂ ಬಟನ್ ಸತ್ತುಹೋಗುವುದಿಲ್ಲ. ಎಷ್ಟಾಯಿತೆಂದು ತೋರಿಸಬೇಕಿದ್ದರೆ ಪ್ರೋಗ್ರೆಸ್ ಕ್ಲಾಸ್ ಬಳಸಿ, ಆದರೆ ಪ್ರತಿ ಸಾಲಿಗೂ ವರದಿ ಮಾಡದೆ ಸಾವಿರ ಸಾಲಿಗೊಮ್ಮೆ ಮಾಡಿ. 2 ಲಕ್ಷ ವರದಿಗಳೇ ಸರದಿಯನ್ನು ತುಂಬಿದರೆ ವಿಂಡೋ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ. ಅವೇಟ್ ಬದಲು ಡಾಟ್ ರಿಸಲ್ಟ್ ಎಂದೋ ಡಾಟ್ ವೇಟ್ ಎಂದೋ ಬರೆದರೆ ಯುಐ ಥ್ರೆಡ್ ಅಲ್ಲೇ ನಿಂತು ಕಾಯುತ್ತದೆ. ಅದು ಕಾಯುತ್ತಿರುವ ಕೆಲಸದೊಳಗೆ ಅವೇಟ್ ಇದ್ದು, ಮುಗಿಯಲು ಅದೇ ಥ್ರೆಡ್ ಬೇಕಾಗಿದ್ದರೆ ಎಷ್ಟು ಹೊತ್ತು ಕಾದರೂ ಬಿಡುಗಡೆಯಿಲ್ಲ. ಆಗ ಅದು ನಿಜವಾದ ಡೆಡ್‌ಲಾಕ್.

ಇಷ್ಟಾದರೂ ಗ್ರಿಡ್ ತುಂಬುವ ಹೊತ್ತಿಗೆ ವಿಂಡೋ ಒಮ್ಮೆ ನಿಂತೀತು. 2 ಲಕ್ಷ ಸಾಲುಗಳನ್ನು ಒಟ್ಟಿಗೆ ಯಾರೂ ಓದುವುದಿಲ್ಲ, ಪರದೆಯ ಮೇಲೆ ಕಾಣುವುದು ಮೂವತ್ತು ನಲವತ್ತು ಸಾಲು. ಗ್ರಿಡ್‌ನ ವರ್ಚುವಲ್ ಮೋಡ್ ಅನ್ನು ಟ್ರೂ ಮಾಡಿ, ರೋಕೌಂಟ್, ಅಂದರೆ ಸಾಲುಗಳ ಸಂಖ್ಯೆ, ಕೊಟ್ಟು, ಸೆಲ್ ವ್ಯಾಲ್ಯೂ ನೀಡೆಡ್ ಇವೆಂಟ್‌ನಲ್ಲಿ ಪಟ್ಟಿಯಿಂದ ಆ ಸೆಲ್‌ನ ಮಾಹಿತಿ ಕೊಟ್ಟರೆ ಕಾಣುವ ಸೆಲ್‌ಗಳಿಗೆ ಬೇಕಾದಷ್ಟನ್ನೇ ಅದು ಕೇಳುತ್ತದೆ.

ಭಾರದ ಕೆಲಸ ಬೇರೆ ಥ್ರೆಡ್‌ನಲ್ಲಿ, ಪರದೆಯ ಕೆಲಸ ಯುಐ ಥ್ರೆಡ್‌ನಲ್ಲಿ ಎಂಬ ಈ ನಿಯಮ ಡಾಟ್‌ನೆಟ್‌ಗೆ ಮಾತ್ರವಲ್ಲ, ವಿಂಡೋ ಕಟ್ಟುವ ಬೇರೆ ಸಲಕರಣೆಗಳಿಗೂ ಸೇರಿದ್ದು. ಜಾವಾ ಸ್ವಿಂಗ್‌ನಲ್ಲಿ ಸ್ವಿಂಗ್‌ವರ್ಕರ್ ಮತ್ತು ಇನ್‌ವೋಕ್ ಲೇಟರ್, ಕ್ಯೂಟಿಯಲ್ಲಿ ಥ್ರೆಡ್‌ನಿಂದ ಸಿಗ್ನಲ್ ಕಳಿಸಿ ಮುಖ್ಯ ಥ್ರೆಡ್‌ನ ಸ್ಲಾಟ್‌ನಲ್ಲಿ ತೆಗೆದುಕೊಳ್ಳುವುದು, ಪೈಥಾನ್ ಟಿಕೆಇಂಟರ್‌ನಲ್ಲಿ ಕ್ಯೂ ಒಂದನ್ನಿಟ್ಟು ಆಫ್ಟರ್ ಮೆಥಡ್‌ನಿಂದ ಆಗಾಗ ನೋಡುವುದು. ಹೆಸರು ಬೇರೆ, ಮರ್ಮ ಒಂದೇ.

ಇನ್ನು ಎರರ್ ಮೆಸೇಜ್ ವಿಷಯ. ‘ಏನೋ ಎರರ್ ಬರುತ್ತೆ’ ಎಂದು ಬರೆಯುವವರು ತಮಗೇ ಅನ್ಯಾಯ ಮಾಡಿಕೊಳ್ಳುತ್ತಾರೆ. ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆದು ಕಳಿಸುವುದೂ ಅಷ್ಟಕ್ಕಷ್ಟೇ. ಫೋಟೋದಲ್ಲಿರುವ ಅಕ್ಷರಗಳನ್ನು ಹುಡುಕಲಾಗುವುದಿಲ್ಲ, ಕಾಪಿ ಮಾಡಲಾಗುವುದಿಲ್ಲ. ವಿಂಡೋಸ್‌ನ ಮಾಮೂಲಿ ಮೆಸೇಜ್ ಬಾಕ್ಸ್ ಎದುರಿಗಿದ್ದಾಗ ಕಂಟ್ರೋಲ್ ಸಿ ಒತ್ತಿದರೆ ಅದರ ಟೈಟಲ್, ಪಠ್ಯ ಎಲ್ಲವೂ ಕಾಪಿಯಾಗುತ್ತದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಸ್ಟ್ಯಾಕ್ ಟ್ರೇಸ್, ಅಂದರೆ ಎರರ್ ಬಂದ ಜಾಗಕ್ಕೆ ಕೋಡ್ ಯಾವ ಯಾವ ಮೆಥಡ್ ದಾಟಿ ಬಂತೆಂಬ ಪಟ್ಟಿ, ಇದ್ದರೆ ಪೂರ್ತಿ ಕೊಡಿ, ಮೊದಲ ಸಾಲು ಮಾತ್ರ ಸಾಲದು. ಡಾಟ್‌ನೆಟ್‌ನಲ್ಲಿ ವಿಂಡೋ ಕಟ್ಟುವ ಇನ್ನೊಂದು ಸಲಕರಣೆಯಾದ ಡಬ್ಲ್ಯೂಪಿಎಫ್‌ನಲ್ಲಿ ಝಾಮಲ್ ಪಾರ್ಸ್ ಎಕ್ಸೆಪ್ಷನ್ ಬಂದರೆ ಅದು ಬರೀ ಹೊದಿಕೆ. ನಿಜವಾದ ಕಾರಣ ಇನ್ನರ್ ಎಕ್ಸೆಪ್ಷನ್ ಒಳಗಿರುತ್ತದೆ, ಕೆಲವೊಮ್ಮೆ ಅದರ ಒಳಗಿನ ಇನ್ನೊಂದರಲ್ಲಿ. ಕೊನೆಯ ಪದರದ ತನಕ ಬಿಚ್ಚಿ ನೋಡಿ.

ಪ್ರಾಜೆಕ್ಟ್ ಪೂರ್ತಿ ಜಿಪ್ ಮಾಡಿ ಕಳಿಸುವುದಕ್ಕಿಂತ, ಹೊಸದೊಂದು ಖಾಲಿ ಪ್ರಾಜೆಕ್ಟ್ ತೆರೆದು ತೊಂದರೆ ಕೊಡುವ ಭಾಗವನ್ನಷ್ಟೇ ಅದರಲ್ಲಿ ಬರೆಯಿರಿ. ಡೇಟಾಬೇಸ್ ಬದಲು ಕೈಯಾರೆ ಬರೆದ ನಾಲ್ಕು ಸಾಲಿನ ಪಟ್ಟಿ ಸಾಕು. ತೊಂದರೆ ಅಲ್ಲೂ ಬಂದರೆ ಆ ಐವತ್ತು ಸಾಲನ್ನು ಯಾರು ಬೇಕಾದರೂ ಓಡಿಸಿ ನೋಡಬಲ್ಲರು. ಬರದಿದ್ದರೆ ಬಿಟ್ಟ ಭಾಗಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ. ಯಾವುದನ್ನು ಸೇರಿಸಿದಾಗ ಕೆಟ್ಟಿತೋ ಅಲ್ಲೇ ಹುಡುಕಬೇಕು. ಎಷ್ಟೋ ಪ್ರಶ್ನೆಗಳು ಕಳಿಸುವ ಮೊದಲೇ ಹೀಗೆ ಬಗೆಹರಿಯುತ್ತವೆ. ಹೋದ ತಿಂಗಳು ಸರಿಯಿದ್ದದ್ದು ಈಗ ಕೆಟ್ಟಿದೆ ಎಂದಾದರೆ, ಕೋಡ್‌ನ ಹಳೆಯ ಆವೃತ್ತಿಗಳನ್ನು ಕಾದಿಡುವ ಗಿಟ್‌ನ ಬೈಸೆಕ್ಟ್ ಆಜ್ಞೆ ಬಳಸಿ. ಪ್ರತಿ ಹೆಜ್ಜೆಗೂ ಹುಡುಕುವ ಜಾಗ ಅರ್ಧವಾಗುವುದರಿಂದ ಸಾವಿರ ಕಮಿಟ್‌ಗಳ, ಅಂದರೆ ದಾಖಲಾದ ಬದಲಾವಣೆಗಳ, ನಡುವೆ ಹುಳುಕು ಹೊಕ್ಕ ಜಾಗ ಸುಮಾರು ಹತ್ತು ಹೆಜ್ಜೆಯಲ್ಲಿ ಸಿಗುತ್ತದೆ. ಹಾಗೇ, ಕೋಡ್ ಕಳಿಸುವ ಮುಂಚೆ ಡೇಟಾಬೇಸ್‌ಗೆ ಸೇರಲು ಬರೆದ ಕನೆಕ್ಷನ್ ಸ್ಟ್ರಿಂಗ್‌ನಲ್ಲಿರುವ ಪಾಸ್‌ವರ್ಡ್ ಅಳಿಸಿದ್ದೀರಾ ಎಂದು ಮರೆಯದೆ ನೋಡಿ.

‘ನನ್ನ ಕಂಪ್ಯೂಟರಿನಲ್ಲಿ ಓಡುತ್ತೆ, ಬೇರೆಯವರದರಲ್ಲಿ ಓಡಲ್ಲ’ ಎಂಬ ದೂರಿಗೆ ಕಾರಣಗಳು ಹೆಚ್ಚಾಗಿ ಬೆರಳೆಣಿಕೆಯವು. ಬ್ಯಾಡ್ ಇಮೇಜ್ ಫಾರ್ಮ್ಯಾಟ್ ಎಕ್ಸೆಪ್ಷನ್ ಬಂದರೆ, 64 ಬಿಟ್ ಪ್ರೋಗ್ರಾಂ 32 ಬಿಟ್ ಡಿಎಲ್‌ಎಲ್ ಒಂದನ್ನು, ಅಂದರೆ ಪ್ರೋಗ್ರಾಂಗಳು ಎರವಲು ಪಡೆಯುವ ಕೋಡ್ ಇರುವ ಫೈಲನ್ನು, ತೆರೆಯಲು ಹೋಗಿದೆಯೇ, ಅಥವಾ ಇದಕ್ಕೆ ತದ್ವಿರುದ್ಧವೇ ಎಂದು ಮೊದಲು ನೋಡಿ. ಫೈಲ್ ಸಿಗುತ್ತಿಲ್ಲ ಎಂದರೆ ಬರೀ ಫೈಲ್ ಹೆಸರು ಕೊಟ್ಟಿದ್ದೀರೇ ನೋಡಿ. ಅದನ್ನು ಹುಡುಕುವುದು ಆಗಿನ ವರ್ಕಿಂಗ್ ಡೈರೆಕ್ಟರಿಯಲ್ಲಿ, ಶಾರ್ಟ್‌ಕಟ್‌ನಿಂದ ಓಡಿಸಿದಾಗ ಆ ಜಾಗ ಬೇರೆಯಾಗಿರಬಹುದು. ಸೆಟ್ಟಿಂಗ್ಸ್ ಉಳಿಯುತ್ತಿಲ್ಲ ಎಂದರೆ ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗೆ ಬರೆಯುತ್ತಿದ್ದೀರೇನೋ. ಮಾಮೂಲಿ ಬಳಕೆದಾರರಿಗೆ ಅಲ್ಲಿ ಬರೆಯುವ ಅನುಮತಿಯಿಲ್ಲ, ಅವರದೇ ಆದ ಆಪ್‌ಡೇಟಾ ಫೋಲ್ಡರ್ ಬಳಸಿ. ಜರ್ಮನ್ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಪಠ್ಯವನ್ನು ಸಂಖ್ಯೆ ಮಾಡುವ ಡಬಲ್ ಡಾಟ್ ಪಾರ್ಸ್‌ಗೆ ‘1.25’ ಎಂದು ಕೊಟ್ಟರೆ ಎರರ್ ಬರುವುದಿಲ್ಲ, 125 ಬರುತ್ತದೆ! ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಚುಕ್ಕೆ ಬಳಸುವುದು ಸಾವಿರ ಬೇರ್ಪಡಿಸಲು. ಫೈಲ್‌ನಲ್ಲಿರುವ ಸಂಖ್ಯೆಗಳಿಗೆ, ಯಾವ ದೇಶದ ಸೆಟ್ಟಿಂಗ್‌ಗೂ ಬದಲಾಗದ ಇನ್ವೇರಿಯಂಟ್ ಕಲ್ಚರ್ ಕೊಟ್ಟೇ ಓದಬೇಕು.

ಗಂಟೆಗಟ್ಟಲೆ ಓಡಿದಮೇಲೆ ಬಟನ್‌ಗಳು ಕಪ್ಪಾಗುವುದು, ಐಕಾನ್ ಮಾಯವಾಗುವುದು, ಆಮೇಲೆ ಕ್ರ್ಯಾಶ್ ಆಗುವುದು, ಈ ಸಾಲು ಸಾಲು ಲಕ್ಷಣ ಕಂಡರೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಜಿಡಿಐ ಆಬ್ಜೆಕ್ಟ್ಸ್ ಕಾಲಂ ಸೇರಿಸಿ ನೋಡಿ. ಪರದೆಯ ಮೇಲೆ ಬಿಡಿಸಲು ಪ್ರೋಗ್ರಾಂ ವಿಂಡೋಸ್‌ನಿಂದ ಪಡೆದ ವಸ್ತುಗಳ ಲೆಕ್ಕ ಅದು. ಒಂದು ಪ್ರೋಗ್ರಾಂಗೆ ವಿಂಡೋಸ್ ಕೊಡುವ ಮಾಮೂಲಿ ಮಿತಿ 10,000. ಸಂಖ್ಯೆ ಏರುತ್ತಲೇ ಇದ್ದರೆ ಪೇಂಟ್ ಇವೆಂಟ್‌ನಲ್ಲಿ ಮಾಡಿದ ಬ್ರಷ್, ಪೆನ್, ಫಾಂಟ್‌ಗಳನ್ನು ಡಿಸ್ಪೋಸ್ ಮಾಡಿ ಹಿಂತಿರುಗಿಸಿಲ್ಲ ಎಂದೇ ಮೊದಲು ಅನುಮಾನಿಸಿ.

ನೆರವಾಗುವವರಿಗೆ ಎರಡು ಮಾತು. ಕೇಳಿದ್ದಕ್ಕೆ ಉತ್ತರಿಸುವ ಮುಂಚೆ, ಅವರಿಗೆ ಬೇಕಾದದ್ದು ಏನೆಂದು ಕೇಳಿ. ‘ಟೈಮರ್‌ನ ಇಂಟರ್ವಲ್ ಒಂದು ಮಿಲಿಸೆಕೆಂಡ್ ಮಾಡುವುದು ಹೇಗೆ’ ಎಂದು ಕೇಳುವವರಿಗೆ ಬೇಕಾಗಿರುವುದು ಫೈಲ್ ಬದಲಾದಾಗ ತಿಳಿಯುವುದಾಗಿರಬಹುದು. ಅದಕ್ಕೆ ಫೈಲ್ ಸಿಸ್ಟಂ ವಾಚರ್ ಇದೆ, ಟೈಮರೇ ಬೇಡ. ಒಮ್ಮೆಗೆ ಒಂದೇ ಪರೀಕ್ಷೆ ಮಾಡಲು ಹೇಳಿ. ಐದು ಬದಲಾವಣೆ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಹೋಯಿತೆಂದು ಇಬ್ಬರಿಗೂ ತಿಳಿಯುವುದಿಲ್ಲ. ಓಡಿಸಿ ನೋಡಿದ ಕೋಡ್ ಯಾವುದು, ನೆನಪಿನಿಂದ ಬರೆದದ್ದು ಯಾವುದು ಎಂದು ಬಿಡಿಸಿ ಹೇಳಿ. ವಿಷುಯಲ್ ಬೇಸಿಕ್ 6 ಬಂದದ್ದು 1998ರಲ್ಲಿ. ಅದರಲ್ಲಿ ಬರೆದ ಪ್ರೋಗ್ರಾಂಗಳನ್ನು ನಡೆಸಿಕೊಂಡು ಹೋಗುವ ಹೊಣೆ ಇಂದಿಗೂ ಎಷ್ಟೋ ಜನರ ಮೇಲಿದೆ. ಅವರಿಗೆ ‘ಎಲ್ಲ ಬಿಟ್ಟು ಹೊಸದಾಗಿ ಬರೆಯಿರಿ’ ಎನ್ನುವುದು ಉತ್ತರವಲ್ಲ. ಕೇಳಿದ ವರ್ಷನ್‌ನಲ್ಲೇ ನಡೆಯುವ ದಾರಿ ತೋರಿಸಿ, ಹೊಸದರ ಮಾತು ಆಮೇಲೆ ಇರಲಿ.

ಸಹಾಯ ಪಡೆದವರು ‘ಸರಿಹೋಯ್ತು, ಥ್ಯಾಂಕ್ಸ್’ ಎಂದಷ್ಟೇ ಬರೆದು ಹೋಗಬೇಡಿ. ‘ಪ್ರಾಜೆಕ್ಟ್‌ನ ಪ್ಲಾಟ್‌ಫಾರ್ಮ್ ಟಾರ್ಗೆಟ್ ಎನಿ ಸಿಪಿಯು ಇತ್ತು, ಎಕ್ಸ್86, ಅಂದರೆ 32 ಬಿಟ್, ಮಾಡಿದೆ, ಪ್ರಿಂಟರ್‌ನ ಹಳೆಯ ಡಿಎಲ್‌ಎಲ್ ಈಗ ತೆರೆಯುತ್ತಿದೆ’ ಎಂದು ಬರೆಯಿರಿ. ಅದೇ ಡಿಎಲ್‌ಎಲ್ ಜೊತೆ ಗುದ್ದಾಡುತ್ತಿರುವ ಮುಂದಿನವರಿಗೆ ಬೇಕಾಗುವುದು ಆ ಒಂದು ಸಾಲು.

ನಮಸ್ಕಾರ.