ಗಟಾರದ ನೀರು ಯಾರನ್ನೂ ಬಿಡುವುದಿಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದಲೇ, 2020ರ ಮಾರ್ಚಿನಲ್ಲಿ. ಆಮೇಲೆ ದಿನಾ ಸಂಜೆ ಇವತ್ತು ಎಷ್ಟು ಕೇಸು ಅಂತ ಲೆಕ್ಕ ಕೇಳುತ್ತಿದ್ದೆವು. ಆ ಲೆಕ್ಕದಲ್ಲಿ ಇದ್ದವರು ಯಾರು? ಪರೀಕ್ಷೆಗೆ ಹೋದವರು ಮಾತ್ರ. ಗಟಾರದ ಲೆಕ್ಕ ಹಾಗಲ್ಲ. ಸೋಂಕು ತಗುಲಿದ ಹಲವರ ಮಲದಲ್ಲಿ ವೈರಸ್ಸಿನ ತುಣುಕು ಹೊರಗೆ ಹೋಗುತ್ತದೆ. ಒಂದು ಲೀಟರ್ ಹೊಲಸು ನೀರು ತಂದು ಪಿಸಿಆರ್, ಅಂದರೆ ಆ ತುಣುಕು ಹುಡುಕುವ ಪರೀಕ್ಷೆ, ಮಾಡಿದರೆ ಇಡೀ ಓಣಿಯ ಸುದ್ದಿ ತಿಳಿಯುತ್ತದೆ. ಗಟಾರ ಆಧಾರ್ ಕಾರ್ಡ್ ಕೇಳುವುದಿಲ್ಲ, ಯಾರನ್ನೂ ಬಿಡುವುದಿಲ್ಲ.

ಒಂದು ದಿನ ಬೆಳಿಗ್ಗೆ ಆರೂವರೆಗೆ, ಎಲ್ಲರ ಮನೆ ನೀರು ಜೋರಾಗಿ ಹರಿಯುವ ಹೊತ್ತು, ವಿದ್ಯಾರ್ಥಿಗಳನ್ನು ಕರಕೊಂಡು ಮ್ಯಾನ್‌ಹೋಲ್ ಹತ್ತಿರ ನಿಂತಿದ್ದೆ. ಕೈಗವಸು, ಬಾಟಲಿ, ಐಸ್ ಡಬ್ಬಿ ಎಲ್ಲ ಇತ್ತು. ಒಬ್ಬ ಅಜ್ಜಿ ಕೊಡ ಇಳಿಸಿ ಕೇಳಿದಳು: "ಯಪ್ಪಾ, ಈ ಹೊಲಸ ನೀರ ಯಾಕ ತುಂಬಲತ್ತೀರಿ?"

"ಓಣ್ಯಾಗ ಜಡ್ಡ ಅದನೋ ಇಲ್ಲೋ ನೋಡ್ಲಕ್ಕ, ಯಮ್ಮಾ."

"ಹಂಗಂದ್ರ ಇಲ್ಯಾಕ ನಿಂತೀರಿ? ಇದು ಲೇಔಟಿನವರ ನೀರು. ನಮ್ಮ ನೀರು ಹಿಂದಿನ ನಾಲ್ಯಾಗ ಹೋಗ್ತದ."

ಹೋಗಿ ನೋಡಿದೆವು. ತೆರೆದ ನಾಲಿ, ರೊಟ್ಟಿ ಹಂಚು ತಿಕ್ಕಿದ ಬೂದಿ ತೇಲುತ್ತಿತ್ತು. ಹೋದ ವಾರ ಮೊಮ್ಮಗಳಿಗೆ ಜ್ವರ ಬಂದಿತ್ತಂತೆ, ಮೆಡಿಕಲ್‌ನಿಂದ ಗುಳಿಗೆ ತಂದರಂತೆ. "ದವಾಖಾನಿಗಿ ಹೋದ್ರ ಕೂಲಿ ಹೋಗ್ತದಲ್ರೀ" ಅಂದಳು. ಆ ಜ್ವರ ಯಾವ ರಿಜಿಸ್ಟರಿನಲ್ಲೂ ಇಲ್ಲ. ಇದ್ದರೆ ಆ ನಾಲಿಯಲ್ಲಿ ಇತ್ತು, ನಾನು ನಿಂತದ್ದು ಮಾತ್ರ ಬೇರೆ ಕಡೆ! ಅವತ್ತು ಎರಡನೇ ಬಾಟಲಿ ಅಲ್ಲೇ ತುಂಬಿದೆವು.

ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಪೈಪಿನಲ್ಲಿ ಮಾತ್ರ ಬಾಟಲಿ ಅದ್ದಿದರೆ ಪೈಪು ಇದ್ದವರ ಆರೋಗ್ಯವಷ್ಟೇ ತಿಳಿಯುತ್ತದೆ. ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ: ತೆರೆದ ನಾಲಿಗೂ ಹೋಗಬೇಕು. ಪೈಪೇ ಇಲ್ಲದ ಹಳ್ಳಿಯಲ್ಲಿ ಶಾಲೆಯ, ಬಸ್ ನಿಲ್ದಾಣದ ಶೌಚಾಲಯದ ಗುಂಡಿಗೆ ಹೋಗಬೇಕು.

ಸಮಯ ಮುಗಿಯುತ್ತ ಬಂತು, ಪೋಲಿಯೊ ವಿಷಯ ಬೇಗ ಹೇಳಿಬಿಡುತ್ತೇನೆ. ಮುಂಬೈಯ ಚರಂಡಿಗಳಲ್ಲಿ 2001ರಿಂದಲೇ ಪೋಲಿಯೊ ವೈರಸ್ ಹುಡುಕುತ್ತಿದ್ದಾರೆ. ಸೋಂಕು ತಗುಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗಷ್ಟೇ ಲಕ್ವ ಹೊಡೆಯುತ್ತದೆ, ಉಳಿದವರ ಸುಳಿವು ಸಿಗುವುದು ಚರಂಡಿಯಲ್ಲೇ. ಈ ನೀರಿನ ಪರೀಕ್ಷೆಯಲ್ಲಿ ಯಾರ ಹೆಸರೂ ಹೊರಬೀಳುವುದಿಲ್ಲ, ಹೆದರಬೇಡಿ.

ನಿಮ್ಮ ಓಣಿಗೆ ಯಾರಾದರೂ ಬಾಟಲಿ ಹಿಡಿದು ಬಂದರೆ, ನಿಮ್ಮ ಮನೆ ನೀರು ಯಾವ ನಾಲಿಗೆ ಹೋಗುತ್ತದೆ ಅಂತ ಕರಕೊಂಡು ಹೋಗಿ ತೋರಿಸಿರಿ. ನಮಸ್ಕಾರ.