ಭೂತಾನ್ ಯಾಕೆ ಕಡಿಮೆ ಮಾತಾಡುತ್ತದೆ

ಎಲ್ಲರಿಗೂ ನಮಸ್ಕಾರ.

ಸಣ್ಣ ದೇಶಗಳ ವಿದೇಶಾಂಗ ನೀತಿಯ ಬಗ್ಗೆ ಮಾತಾಡಬೇಕೆಂದಾಗ ಸಿಂಗಪುರ, ಕತಾರ್, ಮಾಲ್ದೀವ್ಸ್ ಹೀಗೆ ಹಲವು ಹೆಸರುಗಳು ಮುಂದಿದ್ದವು. ನಾನು ಭೂತಾನನ್ನು ಆರಿಸಿಕೊಂಡಿದ್ದೇನೆ. ಭಾರತೀಯರಾದ ನಾವು ಅದನ್ನು ನಮ್ಮ ಅತ್ಯಂತ ಆಪ್ತ ನೆರೆ ಎನ್ನುತ್ತೇವೆ. ಆಪ್ತವೆಂದು ಒಮ್ಮೆ ತೀರ್ಮಾನಿಸಿದ ಮೇಲೆ ಅದರ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದೇವೆ. ಅದರ ಆತಂಕಗಳೇನು, ಅದು ನಮ್ಮನ್ನು ಹೇಗೆ ನೋಡುತ್ತದೆ ಎಂಬುದು ನಮ್ಮ ಪತ್ರಿಕೆಗಳಲ್ಲಿ ಡೋಕ್ಲಾಮಿನಂಥ ಗಡಿ ಬಿಕ್ಕಟ್ಟು ಬಂದಾಗ ಮಾತ್ರ ಕಾಣುತ್ತದೆ. ಆಗಲೂ ಅಲ್ಲಿರುವುದು ನಮ್ಮ ಆತಂಕವೇ, ಭೂತಾನಿನದ್ದಲ್ಲ.

ಮೊದಲು ಗಾತ್ರ ನೋಡೋಣ. ಭೂತಾನಿನ ವಿಸ್ತೀರ್ಣ 38,394 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೇ ಒಂದು ಭಾಗ. ಜನಸಂಖ್ಯೆ ಎಂಟು ಲಕ್ಷದೊಳಗೆ. ನಮ್ಮ ಮೈಸೂರು ನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಉತ್ತರಕ್ಕೆ ಟಿಬೆಟ್, ಅಂದರೆ ಚೀನಾ. ಉಳಿದ ಮೂರೂ ಕಡೆ ಭಾರತ: ಸಿಕ್ಕಿಂ, ಪಶ್ಚಿಮ ಬಂಗಾಳ, ಅಸ್ಸಾಂ, ಅರುಣಾಚಲ. ಸಮುದ್ರ ಇಲ್ಲ. ಎರಡೂ ನೆರೆಗಳು ನೂರು ಕೋಟಿ ದಾಟಿದ ಜನಸಂಖ್ಯೆಯ, ಅಣ್ವಸ್ತ್ರ ಹೊಂದಿರುವ, ಪರಸ್ಪರ ಯುದ್ಧ ಮಾಡಿರುವ ದೇಶಗಳು. ಇಂಥ ಜಾಗದಲ್ಲಿರುವ ದೇಶಕ್ಕೆ ವಿದೇಶಾಂಗ ನೀತಿಯೆಂದರೆ ಮೊದಲನೆಯದಾಗಿ ನಾಳೆಯೂ ತಾನು ದೇಶವಾಗಿ ಉಳಿಯುವುದು. ವ್ಯಾಪಾರ, ಪ್ರತಿಷ್ಠೆ ಎಲ್ಲ ಆಮೇಲಿನ ಮಾತು.

ಈ ಭಯ ಕಲ್ಪನೆಯಿಂದ ಹುಟ್ಟಿದ್ದಲ್ಲ. 1864-65ರ ದುವಾರ್ ಯುದ್ಧದಲ್ಲಿ ಭೂತಾನ್ ಬ್ರಿಟಿಷರಿಗೆ ಸೋತಿತು. ತಪ್ಪಲಿನ ಫಲವತ್ತಾದ ಬಯಲುನಾಡು ಕೈಬಿಟ್ಟಿತು; ಸಿಂಚುಲಾ ಒಪ್ಪಂದದಲ್ಲಿ ಬದಲಿಗೆ ಸಿಕ್ಕಿದ್ದು ವರ್ಷಕ್ಕಿಷ್ಟು ರೂಪಾಯಿ ಪರಿಹಾರ. 1910ರ ಪುನಾಖಾ ಒಪ್ಪಂದದಲ್ಲಿ ಹೊರಗಿನ ವ್ಯವಹಾರಗಳಿಗೆ ಬ್ರಿಟಿಷರ ಸಲಹೆಯಂತೆ ನಡೆಯುವುದಾಗಿ ಬರೆದುಕೊಟ್ಟಿತು. ಬ್ರಿಟಿಷರು ಹೋದ ಮೇಲೆ, 1949ರ ಆಗಸ್ಟ್ 8ರಂದು ಡಾರ್ಜಿಲಿಂಗಿನಲ್ಲಿ ಸ್ವತಂತ್ರ ಭಾರತದೊಂದಿಗೆ ಹೊಸ ಒಪ್ಪಂದವಾಯಿತು. ದೇವಾಂಗಿರಿ ಪ್ರದೇಶವನ್ನು ಭಾರತ ಹಿಂದಿರುಗಿಸಿತು, ಪರಿಹಾರದ ಮೊತ್ತವನ್ನು ಹೆಚ್ಚಿಸಿತು, ಒಳಾಡಳಿತದಲ್ಲಿ ಕೈಹಾಕುವುದಿಲ್ಲ ಎಂದಿತು. ಆದರೆ ಸಲಹೆಯಂತೆ ನಡೆಯುವ ಷರತ್ತು ಎರಡನೇ ಕಲಮಿನಲ್ಲಿ ಹಾಗೇ ಉಳಿಯಿತು. ವಸಾಹತು ಆಳ್ವಿಕೆಯಿಂದ ಆಗತಾನೇ ಬಿಡುಗಡೆಯಾದ ನಾವು ಆ ಷರತ್ತನ್ನು ಅಂದೇ ಕೈಬಿಡಬಹುದಿತ್ತು ಎಂದು ನನಗೆ ಅನ್ನಿಸುತ್ತದೆ.

ಅದಾಗಿ ಹತ್ತು ವರ್ಷದೊಳಗೆ ಉತ್ತರದಲ್ಲಿ ಟಿಬೆಟ್ ಕುಸಿಯಿತು. ಲ್ಹಾಸಾದಲ್ಲಿ ಭೂತಾನಿನ ಪ್ರತಿನಿಧಿ ಇರುತ್ತಿದ್ದರು. ಕೈಲಾಸ ಪರ್ವತದ ಬಳಿ ಭೂತಾನಿನ ಆಡಳಿತಕ್ಕೆ ಸೇರಿದ ಕೆಲವು ಪುಟ್ಟ ಊರುಗಳೇ ಇದ್ದವು. 1959ರಲ್ಲಿ ಅವೂ ಹೋದವು. ಶತಮಾನಗಳಿಂದ ಉಪ್ಪು, ಉಣ್ಣೆ, ಅಕ್ಕಿಯ ವ್ಯಾಪಾರ ನಡೆಯುತ್ತಿದ್ದ ಉತ್ತರದ ಕಣಿವೆಗಳನ್ನು ಭೂತಾನ್ ತಾನೇ ಮುಚ್ಚಿತು. ಧರ್ಮ, ಲಿಪಿ, ಗುರುಪರಂಪರೆ ಎಲ್ಲವೂ ಬಂದ ದಿಕ್ಕಿಗೆ ಬೆನ್ನು ಹಾಕಿ ದಕ್ಷಿಣಕ್ಕೆ ತಿರುಗಿದ ನಿರ್ಧಾರ ಅದು. ಇಷ್ಟು ದೊಡ್ಡ ತಿರುವನ್ನು ಒಂದು ತಲೆಮಾರಿನೊಳಗೆ ತೆಗೆದುಕೊಂಡ ದೇಶಗಳು ವಿರಳ.

1975ರಲ್ಲಿ ಪಶ್ಚಿಮದ ಪಕ್ಕದ ರಾಜ್ಯ ಸಿಕ್ಕಿಂ ಭಾರತದಲ್ಲಿ ವಿಲೀನವಾಯಿತು. ನಮಗದು ವಿಲೀನದ ಕಥೆ. ಭೂತಾನಿನ ರಾಜಧಾನಿ ಥಿಂಪುವಿನ ಅರಮನೆಯಲ್ಲಿದ್ದವರಿಗೆ, ತಮ್ಮಂಥದೇ ಇನ್ನೊಂದು ಹಿಮಾಲಯದ ಬೌದ್ಧ ರಾಜಮನೆತನ ಕಣ್ಣೆದುರೇ ಇಲ್ಲವಾದ ಘಟನೆ. ಉತ್ತರಕ್ಕೆ ಟಿಬೆಟಿನ ಉದಾಹರಣೆ, ಪಶ್ಚಿಮಕ್ಕೆ ಸಿಕ್ಕಿಮಿನ ಉದಾಹರಣೆ. ಅತ್ತ ದರಿ ಇತ್ತ ಪುಲಿ ಎಂಬ ಈ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಭೂತಾನಿನ ಒಂದು ನಡೆಯನ್ನೂ ಅರ್ಥಮಾಡಿಕೊಳ್ಳಲಾಗದು.

ಹಾಗೆಂದು ಭಾರತದೊಂದಿಗಿನ ಸ್ನೇಹ ತೋರಿಕೆಯದ್ದಲ್ಲ. 1958ರಲ್ಲಿ ಜವಾಹರಲಾಲ್ ನೆಹರೂ ಭೂತಾನಿಗೆ ಹೋದಾಗ ಅಲ್ಲಿಗೆ ಮೋಟಾರು ರಸ್ತೆ ಇರಲಿಲ್ಲ. ಅರವತ್ತೆಂಟು ವರ್ಷದ ಪ್ರಧಾನಿ ಸಿಕ್ಕಿಮಿನಿಂದ ನಾಥು ಲಾ ಹತ್ತಿ, ಟಿಬೆಟಿನ ಚುಂಬಿ ಕಣಿವೆ ಹಾದು, ನಡೆದೂ ಸವಾರಿ ಮಾಡಿಯೂ ಪಾರೋ ತಲುಪಿದರು. ಭೂತಾನ್ ಸ್ವತಂತ್ರವಾಗಿಯೇ ಉಳಿಯಬೇಕೆಂಬುದು ಭಾರತದ ಇಚ್ಛೆ ಎಂದು ಅಲ್ಲಿನ ಜನರೆದುರು ಹೇಳಿದರು. 1961ರಲ್ಲಿ ಶುರುವಾದ ಭೂತಾನಿನ ಮೊದಲ ಪಂಚವಾರ್ಷಿಕ ಯೋಜನೆಯ ಪೂರ್ತಿ ವೆಚ್ಚವನ್ನು ಭಾರತ ಭರಿಸಿತು. ಗಡಿಯ ಫುಂಟ್‌ಶೋಲಿಂಗ್‌ನಿಂದ ಥಿಂಪುವಿಗೆ ರಸ್ತೆ ಕಡಿದವರು ನಮ್ಮ ಗಡಿ ರಸ್ತೆಗಳ ಸಂಸ್ಥೆಯವರು. 1971ರ ಸೆಪ್ಟೆಂಬರಿನಲ್ಲಿ ಭಾರತದ ಬೆಂಬಲದೊಂದಿಗೆ ಭೂತಾನ್ ವಿಶ್ವಸಂಸ್ಥೆಯ ಸದಸ್ಯನಾಯಿತು. ಯಾವ ದೇಶದ ಸಲಹೆಯಂತೆ ನಡೆಯುವುದಾಗಿ ಬರೆದುಕೊಟ್ಟಿತ್ತೋ ಅದೇ ದೇಶದ ನೆರವಿನಿಂದ ಸಾರ್ವಭೌಮತ್ವಕ್ಕೆ ಜಗತ್ತಿನ ಮುದ್ರೆ ಪಡೆಯಿತು. ಆ ವರ್ಷವೇ ಡಿಸೆಂಬರ್ 6ರಂದು ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟು, ಸ್ನೇಹಕ್ಕೆ ಸ್ನೇಹ ತೋರಿಸಿತು.

ಇಲ್ಲಿಂದ ಮುಂದೆ ಭೂತಾನ್ ತೋರಿದ ಸಂಯಮ ನನ್ನನ್ನು ಬಹಳ ಸೆಳೆಯುತ್ತದೆ. ಸದಸ್ಯತ್ವ ಸಿಕ್ಕಿತೆಂದು ಊರೂರಿಗೆ ರಾಯಭಾರಿಗಳನ್ನು ಕಳಿಸಲಿಲ್ಲ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯ ದೇಶಗಳಲ್ಲಿ ಯಾವುದರೊಂದಿಗೂ ರಾಜತಾಂತ್ರಿಕ ಸಂಬಂಧ ಬೇಡ ಎಂಬುದನ್ನು ದಶಕಗಳ ಕಾಲ ನೀತಿಯಾಗಿ ಪಾಲಿಸಿಕೊಂಡು ಬಂತು. ಅಮೆರಿಕದೊಂದಿಗೆ ಕೆಲಸವಿದ್ದರೆ ದೆಹಲಿಯಲ್ಲಿರುವ ಎರಡೂ ದೇಶಗಳ ರಾಯಭಾರ ಕಚೇರಿಗಳ ಮೂಲಕ ಮಾತು ಮುಗಿಯುತ್ತದೆ. ಇದನ್ನು ಅನೇಕರು ಅಂಜಿಕೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಥಿಂಪುವಿನಲ್ಲಿ ಒಂದು ಮಹಾಶಕ್ತಿ ಕಚೇರಿ ತೆರೆದರೆ ಉಳಿದವುಗಳನ್ನು ಬೇಡ ಎನ್ನಲು ಕಾರಣ ಉಳಿಯುವುದಿಲ್ಲ. ಎಲ್ಲರಿಗೂ ಬಾಗಿಲು ಮುಚ್ಚಿದರೆ ಯಾರಿಗೂ ಅವಮಾನವಿಲ್ಲ. ಅಮೆರಿಕವನ್ನು ದೂರವಿಟ್ಟದ್ದರಿಂದಲೇ ಚೀನಾವನ್ನೂ ಜಗಳವಿಲ್ಲದೆ ದೂರವಿಡಲು ಸಾಧ್ಯವಾಯಿತು.

2007ರ ಫೆಬ್ರವರಿಯಲ್ಲಿ 1949ರ ಒಪ್ಪಂದ ಬದಲಾಯಿತು. ಸಲಹೆಯಂತೆ ನಡೆಯುವ ಷರತ್ತು ಹೋಗಿ, ಒಬ್ಬರ ಭದ್ರತೆಗೆ ಧಕ್ಕೆ ತರುವ ಚಟುವಟಿಕೆಗೆ ಇನ್ನೊಬ್ಬರು ತಮ್ಮ ನೆಲವನ್ನು ಬಿಟ್ಟುಕೊಡಬಾರದು ಎಂಬ ಸಮಾನ ನೆಲೆಯ ಮಾತು ಬಂತು. ಭೂತಾನ್ ಆ ಹೊಣೆಯನ್ನು ಮೊದಲೇ ನಿಭಾಯಿಸಿ ತೋರಿಸಿತ್ತು. 2003ರ ಡಿಸೆಂಬರಿನಲ್ಲಿ ಭಾರತದ ವಿರುದ್ಧ ಹೋರಾಡುತ್ತಿದ್ದ ಉಲ್ಫಾ, ಬೋಡೊ, ಕಾಮತಾಪುರಿ ಉಗ್ರರ ಶಿಬಿರಗಳನ್ನು ದಕ್ಷಿಣದ ಕಾಡುಗಳಿಂದ ಓಡಿಸುವಾಗ ರಾಜ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಸ್ವತಃ ಸೈನ್ಯದ ಮುಂದಿದ್ದರು. ಯುದ್ಧವನ್ನೇ ಮರೆತಿದ್ದ ಪುಟ್ಟ ಸೈನ್ಯ ಅದು. ಸತ್ತ ಭೂತಾನೀ ಯೋಧರ ನೆನಪಿಗೆ ಥಿಂಪು ಮತ್ತು ಪುನಾಖಾ ನಡುವಿನ ದೋಚು ಲಾ ಕಣಿವೆಯಲ್ಲಿ 108 ಸ್ತೂಪಗಳಿವೆ. ಅಲ್ಲಿ ಫೋಟೊ ತೆಗೆಸಿಕೊಳ್ಳುವ ನಮ್ಮ ಪ್ರವಾಸಿಗಳಲ್ಲಿ ಅವು ಭಾರತಕ್ಕಾಗಿಯೂ ನಡೆದ ಕಾಳಗದ ನೆನಪು ಎಂದು ಎಷ್ಟು ಜನರಿಗೆ ತಿಳಿದಿದೆಯೋ.

ಆದರೆ ಒಪ್ಪಂದ ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ. 2012ರ ಜೂನಿನಲ್ಲಿ ರಿಯೊ ಡಿ ಜನೈರೊ ಸಮ್ಮೇಳನದ ಹೊತ್ತಿಗೆ ಪ್ರಧಾನಿ ಜಿಗ್ಮೆ ಥಿನ್ಲೆ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಅವರನ್ನು ಭೇಟಿಯಾದರು. ದೆಹಲಿಯಲ್ಲಿ ಅಸಮಾಧಾನ ಶುರುವಾಯಿತು. ಮರುವರ್ಷ ಜುಲೈಯಲ್ಲಿ, ಭೂತಾನಿನ ಸಂಸತ್ ಚುನಾವಣೆಯ ಅಂತಿಮ ಸುತ್ತಿಗೆ ಕೆಲವೇ ದಿನಗಳಿರುವಾಗ, ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ಸಬ್ಸಿಡಿ ನಿಂತುಹೋಯಿತು. ಹಳೆಯ ಯೋಜನೆಯ ಅವಧಿ ಮುಗಿದದ್ದೇ ಕಾರಣ ಎಂದು ಹೇಳಲಾಯಿತು. ಸಿಲಿಂಡರ್ ಬೆಲೆ ಏರಿತು, ಥಿನ್ಲೆ ಪಕ್ಷ ಸೋತಿತು, ಆಮೇಲೆ ಸಬ್ಸಿಡಿ ಮರಳಿತು. ಆ ಪಕ್ಷ ಸೋಲಲು ಒಳಗಿನ ಕಾರಣಗಳೂ ಇದ್ದವು. ಆದರೂ ಮೊದಲ ಬಾರಿಗೆ ಮತ ಹಾಕಿ ಐದೇ ವರ್ಷವಾಗಿದ್ದ ಜನ ಆ ವಾರ ಕಲಿತ ಪಾಠ ಯಾವುದು ಎಂದು ಯೋಚಿಸಿ. ತಮ್ಮ ಒಲೆಯ ಗ್ಯಾಸ್ ಬೇರೊಂದು ರಾಜಧಾನಿಯ ಮುನಿಸಿನ ಮೇಲೆ ನಿಂತಿದೆ ಎಂಬುದೇ ಅಲ್ಲವೆ? ನೆರೆಯವನಾಗಿ ಭಾರತ ಹೀಗೆ ಕಾಣಿಸಿಕೊಳ್ಳಬಾರದಿತ್ತು.

ಈಗ ಡೋಕ್ಲಾಮ್. ಸುಮಾರು 89 ಚದರ ಕಿಲೋಮೀಟರಿನ ಎತ್ತರದ ಪ್ರಸ್ಥಭೂಮಿ. ಭೂತಾನ್ ತನ್ನದೆನ್ನುತ್ತದೆ, ಚೀನಾ ತನ್ನದೆನ್ನುತ್ತದೆ. ಅದರ ದಕ್ಷಿಣದ ಬೆಟ್ಟದ ಸಾಲಿಗೆ ಚೀನಾ ಬಂದು ಕುಳಿತರೆ ಈಶಾನ್ಯ ರಾಜ್ಯಗಳನ್ನು ಉಳಿದ ಭಾರತಕ್ಕೆ ಜೋಡಿಸುವ ಸಿಲಿಗುರಿಯ ಕಿರಿದಾದ ಪಟ್ಟಿ ಅದರ ಕಣ್ಣಳತೆಗೆ ಬರುತ್ತದೆ. ಭಾರತದ ಆತಂಕ ಅದು. 2017ರ ಜೂನಿನಲ್ಲಿ ಚೀನಾ ಅಲ್ಲಿ ರಸ್ತೆ ಕಟ್ಟಲು ಬಂತು, ಭಾರತೀಯ ಸೈನಿಕರು ತಡೆದರು, ಎರಡೂ ಸೇನೆಗಳು 73 ದಿನ ಎದುರುಬದುರು ನಿಂತವು. ಎರಡೂ ದೇಶಗಳ ಟಿವಿಗಳು ಅರಚುತ್ತಿದ್ದಾಗ ಭೂತಾನ್ ಜೂನ್ 29ರಂದು ಒಂದು ಚಿಕ್ಕ ಹೇಳಿಕೆ ಹೊರಡಿಸಿತು: ರಸ್ತೆ ಕಟ್ಟುವುದು ಚೀನಾ ಮತ್ತು ನಮ್ಮ ನಡುವಿನ ಒಪ್ಪಂದಗಳ ಉಲ್ಲಂಘನೆ, ಮೊದಲಿದ್ದ ಸ್ಥಿತಿ ಮರಳಲಿ. ಭಾರತವನ್ನು ಹೊಗಳಲಿಲ್ಲ, ಚೀನಾವನ್ನು ಬೈಯಲಿಲ್ಲ. ಕಾನೂನಿನ ಪ್ರಕಾರ ತನಗೆ ಬೇಕಾದ ಅಷ್ಟನ್ನೂ ಹೇಳಿ ಸುಮ್ಮನಾಯಿತು. ನಮ್ಮ ಕೆಲವು ವಿಶ್ಲೇಷಕರು ಆ ಮೌನವನ್ನು ಕೃತಘ್ನತೆ ಎಂದು ಬರೆದದ್ದು ನನಗೆ ನೋವು ತಂದ ಸಂಗತಿ. ಜಗಳ ಮುಗಿದು ಭಾರತದ ಸೈನಿಕರು ಹಿಂದಿರುಗಿದ ಮೇಲೂ ಆ ಬೆಟ್ಟದ ಮೇಲೆ ಚೀನಾದ ಪಕ್ಕದಲ್ಲೇ ಬದುಕಬೇಕಾದವರು ಭೂತಾನೀಯರು.

ಭೂತಾನ್ ಮತ್ತು ಚೀನಾದ ಗಡಿ ಮಾತುಕತೆ 1984ರಲ್ಲೇ ನೇರವಾಗಿ ಶುರುವಾಯಿತು. 1998ರಲ್ಲಿ ಗಡಿಯಲ್ಲಿ ಶಾಂತಿ ಕಾಪಾಡುವ ಒಪ್ಪಂದವಾಯಿತು. ಅದಕ್ಕೂ ಮೊದಲು, 1996ರಲ್ಲಿ, ಚೀನಾ ಒಂದು ವಿನಿಮಯ ಮುಂದಿಟ್ಟಿತ್ತು: ಉತ್ತರದ ಜಾಕರ್‌ಲುಂಗ್, ಪಾಸಮ್‌ಲುಂಗ್ ಕಣಿವೆಗಳ 495 ಚದರ ಕಿಲೋಮೀಟರ್ ನೀವಿಟ್ಟುಕೊಳ್ಳಿ, ಡೋಕ್ಲಾಮ್ ಸೇರಿದ ಪಶ್ಚಿಮದ 269 ಚದರ ಕಿಲೋಮೀಟರ್ ನಮಗೆ ಕೊಡಿ. ಬರೀ ಲೆಕ್ಕದಲ್ಲಿ ಭೂತಾನಿಗೆ ಲಾಭ. ಆದರೂ ಅದು ಒಪ್ಪಿಲ್ಲ. ಆ ಸಣ್ಣ ತುಣುಕು ಭಾರತಕ್ಕೆ ಎಷ್ಟು ದೊಡ್ಡದು ಎಂದು ಗೊತ್ತಿದ್ದು, ತನ್ನ ಗಡಿ ಇತ್ಯರ್ಥವನ್ನೇ ದಶಕಗಳ ಕಾಲ ಬಾಕಿ ಇಟ್ಟುಕೊಂಡಿದೆ. 2020ರಲ್ಲಿ ಚೀನಾ, ತನ್ನೊಂದಿಗೆ ಗಡಿಯೇ ಹಂಚಿಕೊಳ್ಳದ ಪೂರ್ವದ ಸಕ್ತೆಂಗ್ ಅಭಯಾರಣ್ಯವನ್ನೂ ವಿವಾದಿತ ಎಂದಿತು. ವಿವಾದಿತ ಕಣಿವೆಗಳಲ್ಲಿ ಚೀನಾ ಹಳ್ಳಿಗಳನ್ನೇ ಕಟ್ಟಿರುವುದು ಉಪಗ್ರಹ ಚಿತ್ರಗಳಲ್ಲಿ ಕಾಣುತ್ತದೆ. 2021ರ ಅಕ್ಟೋಬರಿನಲ್ಲಿ ಗಡಿ ಇತ್ಯರ್ಥದ ಮೂರು ಹಂತಗಳ ಕಾರ್ಯಸೂಚಿಗೆ ಎರಡೂ ದೇಶ ಸಹಿ ಹಾಕಿದವು. 2023ರಲ್ಲಿ ಬೀಜಿಂಗಿನಲ್ಲಿ 25ನೇ ಸುತ್ತು ನಡೆಯಿತು. ತಡವಾದಷ್ಟೂ ಕೈಯಲ್ಲಿರುವ ನೆಲ ಕಡಿಮೆಯಾಗುತ್ತದೆ ಎಂದು ಕಂಡ ದೇಶ ಅವಸರಪಟ್ಟರೆ ಅದನ್ನು ಚೀನಾದ ಕಡೆ ವಾಲಿತು ಎಂದು ಓದಬೇಡಿ.

ಹಣದ ವಿಚಾರಕ್ಕೆ ಬಂದರೆ ಭೂತಾನಿನ ನಿಜವಾದ ಸಂಪತ್ತು ಇಳಿಜಾರಿನಲ್ಲಿ ಧುಮುಕುವ ನೀರು. 336 ಮೆಗಾವಾಟಿನ ಚುಖಾ ಜಲವಿದ್ಯುತ್ ಯೋಜನೆಗೆ ಭಾರತ ಕೊಟ್ಟ ಹಣದಲ್ಲಿ ಶೇಕಡಾ 60 ಅನುದಾನ, 40 ಸಾಲ. ನಂತರ 1,020 ಮೆಗಾವಾಟಿನ ತಾಲಾ, 720 ಮೆಗಾವಾಟಿನ ಮಾಂಗ್ದೆಛು. ಈಚಿನ ಯೋಜನೆಗಳಲ್ಲಿ ಲೆಕ್ಕ ತಿರುಗಿ ಅನುದಾನ 30, ಸಾಲ 70 ಆಯಿತು. 1,200 ಮೆಗಾವಾಟಿನ ಪುನಾತ್ಸಾಂಗ್‌ಛು-1ರಲ್ಲಿ ಅಣೆಕಟ್ಟಿನ ಬಲದಂಡೆಯ ಗುಡ್ಡವೇ ಜಾರಿ ಕೆಲಸ ವರ್ಷಗಟ್ಟಲೆ ನಿಂತಿತು, ಬಡ್ಡಿ ಬೆಳೆಯಿತು. ಮಳೆಗಾಲದಲ್ಲಿ ವಿದ್ಯುತ್ ಮಾರುವ ದೇಶ ಚಳಿಗಾಲದಲ್ಲಿ ನದಿ ಬತ್ತಿದಾಗ ನಮ್ಮಿಂದಲೇ ಕೊಳ್ಳುತ್ತದೆ. ಅದರ ಹಣ ನುಲ್ಟ್ರಮ್ ನಮ್ಮ ರೂಪಾಯಿಗೆ ಸಮಸಮ ಕಟ್ಟಿಕೊಂಡಿದೆ. 2012ರಲ್ಲಿ ರೂಪಾಯಿಯ ಕೊರತೆ ಬಂದಾಗ ಅಲ್ಲಿನ ಬ್ಯಾಂಕುಗಳು ಸಾಲ ನಿಲ್ಲಿಸಬೇಕಾಯಿತು. ಇಷ್ಟು ಅವಲಂಬನೆಯಿದ್ದೂ ಭೂತಾನ್ ಬೇಡ ಎನ್ನಬೇಕಾದಲ್ಲಿ ಬೇಡ ಎಂದಿದೆ. ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳಗಳ ನಡುವೆ ವಾಹನಗಳ ಮುಕ್ತ ಓಡಾಟಕ್ಕೆ 2015ರಲ್ಲಿ ಥಿಂಪುವಿನಲ್ಲೇ ಸಹಿಯಾದ ಒಪ್ಪಂದವನ್ನು ಅದರ ಮೇಲ್ಮನೆ ತಿರಸ್ಕರಿಸಿತು. ತನ್ನ ಬೆಟ್ಟದ ರಸ್ತೆಗಳು ಅಷ್ಟು ಲಾರಿಗಳನ್ನು ತಾಳಲಾರವು ಎಂಬ ಚಿಂತೆ ಅದಕ್ಕಿತ್ತು. ನೀವು ಮೂವರೂ ಮುಂದುವರಿಯಿರಿ ಎಂದು ಸೌಜನ್ಯದಿಂದ ಹೇಳಿ ಪಕ್ಕಕ್ಕೆ ಸರಿಯಿತು.

ಇವತ್ತಿನ ದೊಡ್ಡ ಚಿಂತೆ ಸೈನ್ಯಕ್ಕೆ ಸಂಬಂಧಿಸಿದ್ದಲ್ಲ. ಓದಿದ ಹುಡುಗ ಹುಡುಗಿಯರು ದೇಶ ಬಿಡುತ್ತಿದ್ದಾರೆ, ಹೆಚ್ಚಿನವರು ಆಸ್ಟ್ರೇಲಿಯಾಕ್ಕೆ. ಪರ್ತ್ ನಗರದಲ್ಲಿ ಭೂತಾನೀಯರದ್ದೇ ಒಂದು ಲೋಕ ಬೆಳೆದಿದೆ. ರಾಯಭಾರ ಕಚೇರಿ ತೆರೆಯಲು ಅಷ್ಟು ಹಿಂದೆಮುಂದೆ ನೋಡುವ ದೇಶ 2021ರಲ್ಲಿ ಕ್ಯಾನ್‌ಬೆರಾದಲ್ಲಿ ತೆರೆಯಿತು. 2023ರ ಡಿಸೆಂಬರಿನಲ್ಲಿ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದ ಮೇಲೆ ಸಿಗುತ್ತಿದ್ದ ರಿಯಾಯಿತಿಗಳೂ ಕಡಿಮೆಯಾಗುತ್ತವೆ. ಅದೇ ತಿಂಗಳು ಈಗಿನ ರಾಜ ಜಿಗ್ಮೆ ಖೇಸರ್, ಅಸ್ಸಾಂ ಗಡಿಯ ಗೆಲೆಫುವಿನಲ್ಲಿ ಹೊಸ ನಗರ ಕಟ್ಟುವ ಯೋಜನೆ ಪ್ರಕಟಿಸಿದರು. 2025ರಲ್ಲಿ ಭಾರತ ಕೊಕ್ರಜಾರ್‌ನಿಂದ ಗೆಲೆಫುವಿಗೆ 69 ಕಿಲೋಮೀಟರಿನ ರೈಲು ಮಾರ್ಗ ಘೋಷಿಸಿತು. ಮಕ್ಕಳನ್ನು ಮನೆಗೆ ಕರೆಯಲು ನಗರ ಬೇಕು, ನಗರಕ್ಕೆ ನಮ್ಮ ರೈಲು ಬೇಕು. ವಿದೇಶಾಂಗ ನೀತಿ ಮತ್ತೆ ನಮ್ಮ ಗಡಿಗೇ ಬಂದು ನಿಲ್ಲುತ್ತದೆ.

ಭೂತಾನನ್ನು ಇಷ್ಟಪಡುವವನಾಗಿ ಒಂದು ವಿಚಾರವನ್ನು ನಾನು ಬಿಟ್ಟು ಹೋಗಲಾರೆ. ಸಂತೋಷವೇ ಅಭಿವೃದ್ಧಿಯ ಅಳತೆ ಎಂದು ಜಗತ್ತಿಗೆ ಹೇಳಿದ ಈ ದೇಶದಿಂದ 1990ರ ಆಸುಪಾಸಿನಲ್ಲಿ ನೇಪಾಳಿ ಮೂಲದ ಸುಮಾರು ಒಂದು ಲಕ್ಷ ಜನ ಹೊರದೂಡಲ್ಪಟ್ಟರು ಅಥವಾ ಹೆದರಿ ಓಡಿದರು. 1985ರ ಪೌರತ್ವ ಕಾಯ್ದೆ, 1988ರ ಜನಗಣತಿ, ಉಡುಪು ಮತ್ತು ಭಾಷೆಯ ಕಟ್ಟುಪಾಡು ಅದಕ್ಕೆ ಕಾರಣ. ನೇಪಾಳಿ ಮೂಲದವರೇ ಹೆಚ್ಚಿದ್ದ ಸಿಕ್ಕಿಮಿನಲ್ಲಿ ಆದದ್ದು ತಮಗೂ ಆದೀತೆಂಬ ಆಳುವವರ ಭಯ ಅದರ ಹಿಂದಿತ್ತು. ಭಯ ಅರ್ಥವಾಗುತ್ತದೆ, ಮಾಡಿದ್ದು ನ್ಯಾಯವಾಗುವುದಿಲ್ಲ. ಅವರು ಭಾರತದ ನೆಲ ದಾಟಿ ಪೂರ್ವ ನೇಪಾಳದ ಶಿಬಿರಗಳಲ್ಲಿ ಎರಡು ದಶಕ ಕಳೆದರು. ನಾವು ಇದು ನೇಪಾಳ ಮತ್ತು ಭೂತಾನಿನ ಸಂಗತಿ ಎಂದು ಕೈಚೆಲ್ಲಿದೆವು. 2007ರ ನಂತರ ಅಮೆರಿಕ ಮತ್ತಿತರ ದೇಶಗಳು ಬಹುಪಾಲು ಜನರಿಗೆ ನೆಲೆ ಕೊಟ್ಟವು. 2025ರಲ್ಲಿ ಅಮೆರಿಕ ಅವರಲ್ಲಿ ಕೆಲವರನ್ನು ಗಡೀಪಾರು ಮಾಡಿ ಭೂತಾನಿಗೆ ಕಳಿಸಿತು. ಭೂತಾನ್ ಅವರನ್ನು ಉಳಿಸಿಕೊಳ್ಳಲಿಲ್ಲ. ಭಾರತದ ಗಡಿಗೆ ತಂದು ಬಿಡಲಾದವರಲ್ಲಿ ಕೆಲವರು ಮತ್ತೆ ನೇಪಾಳದ ಅದೇ ಶಿಬಿರಗಳನ್ನು ತಲುಪಿದರು. ಅವರಿಗೆ ಈಗ ಯಾವ ದೇಶದ ಪೌರತ್ವವೂ ಇಲ್ಲ. ಅವರ ಬಗ್ಗೆ ಥಿಂಪುವನ್ನು ಕೇಳಬಲ್ಲಷ್ಟು ಸಲುಗೆ ಇರುವ ರಾಜಧಾನಿ ದೆಹಲಿ. ಅದು ಇನ್ನೂ ಕೇಳಿಲ್ಲ.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ. ನಿಮ್ಮ ಪ್ರಶ್ನೆಗಳನ್ನು ಕೇಳಿ.